ಇಲ್ಲದ ಗೀರು

ಫೋಟೋಗ್ರಾಫರನ ಕಿವಿಯ ಮೇಲೆ ಹೂವಿಡುವುದು ಬಹಳ ಸುಲಭ ಅನ್ನುವುದು ಅವನ ಹೆಂಡತಿಯ ತವರಿನಲ್ಲಿ ಹಳೆಯ ತಮಾಷೆ. ಅವನು ಕೊಂಡು ತಂದ ಫ್ರಿಜ್ಜಿನ ಬಾಗಿಲು ಮುಚ್ಚುತ್ತಿರಲಿಲ್ಲ. ಅವನು ಕೊಂಡ ಹಳೆಯ ಸ್ಕೂಟರು ಮನೆ ಸೇರುವ ಮೊದಲೇ ಹೊಗೆ ಕಾರಿ ನಿಂತಿತ್ತು. ಅದನ್ನು ತಳ್ಳಿಕೊಂಡು ಬರುವಾಗ ಎದುರಿಗೆ ಸಿಕ್ಕಿದ್ದು ಬೇರೆ ಯಾರೂ ಅಲ್ಲ, ಅವನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ತರಕಾರಿಯಿಂದ ಹಿಡಿದು ಸೈಟಿನವರೆಗೆ ಹೇಳಿದ ಬೆಲೆಗೆ ಏನನ್ನೂ ಕೊಂಡವರಲ್ಲದ ಆ ಮಹಾನುಭಾವರಿಗೆ ಮನೆಮಂದಿಯೆಲ್ಲ ಸೇರಿ ಚೌಕಾಸಿ ಭಾವ ಅಂತ ಹೆಸರಿಟ್ಟಿದ್ದರು. ಅವತ್ತಿನಿಂದ ಊಟಕ್ಕೆ ನಾಲ್ಕು ಜನ ಕೂತರೆ ಸಾಕು, ಸ್ಕೂಟರಿನ ಕತೆ ಬಂದೇ ಬರುತ್ತಿತ್ತು. ಫೋಟೋಗ್ರಾಫರನೂ ಎಲ್ಲರ ಜೊತೆ ನಗುತ್ತಿದ್ದ. ನಕ್ಕು ಮನೆಗೆ ಬಂದ ಮೇಲೆ ಮಾತ್ರ ಆ ಸ್ಕೂಟರನ್ನು ಕಣ್ಣಿಗೆ ಬೀಳದ ಹಾಗೆ ಹಿತ್ತಿಲಲ್ಲಿ ನಿಲ್ಲಿಸುತ್ತಿದ್ದ.

ಈಗ ಕಾರಿನ ಮಾತು ಎದ್ದಿತ್ತು. ಹೊರಗಡೆ ಫೋಟೋ ತೆಗೆಯಲು ಹೋಗುವಾಗ ರಿಪೇರಿ ಮಾಡಿಸಿದ ಅದೇ ಸ್ಕೂಟರಿನ ಮುಂದೆ ಕ್ಯಾಮೆರಾ ಬ್ಯಾಗು, ಹಿಂದೆ ಲೈಟಿನ ಸ್ಟ್ಯಾಂಡುಗಳನ್ನು ತಬ್ಬಿಕೊಂಡು ಹೆಂಡತಿ. ಒಂದು ತಿರುವಿನಲ್ಲಿ ಸ್ಟ್ಯಾಂಡು ಕಂಬಕ್ಕೆ ತಗುಲಿ ಇಬ್ಬರೂ ಬಿದ್ದರು. ಅವಳ ಮೊಣಕೈ ತರಚಿತು, ಲೈಟು ಒಡೆಯಿತು. ಅವಳು ಎದ್ದು ಸೀರೆ ಕೊಡವಿಕೊಂಡು, "ಇನ್ನು ಸಾಕು ರೀ. ಡಿಕ್ಕಿ ಇರೋ ಒಂದು ಸಣ್ಣ ಕಾರು ತಗೊಳ್ಳೋಣ. ಓಡಿಸೋದು ನಾನು," ಅಂದಳು. ಅಂದವಳೇ ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸನ್ನೂ ತೆಗೆದುಕೊಂಡಳು.

ಮೊದಲು ಹೊಸ ಕಾರನ್ನೇ ನೋಡಿದರು. ಶೋರೂಮಿನ ಹುಡುಗಿ ಹೂವೆತ್ತಿಕೊಟ್ಟ ಹಾಗೆ ಬೀಗದ ಕೈ ಕೊಟ್ಟಳು. ಹೆಂಡತಿ ಸ್ಟೇರಿಂಗ್ ಹಿಡಿದು ಕೂತು ಸೀಟನ್ನು ಹಿಂದೆ ಮುಂದೆ ಸರಿಸಿಕೊಂಡಳು. ಅವನು ಮನೆಯಿಂದ ತಂದಿದ್ದ ಸ್ಟ್ಯಾಂಡನ್ನು ಡಿಕ್ಕಿಯಲ್ಲಿ ಅಡ್ಡ ಮಲಗಿಸಿ ನೋಡಿದ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಕಂತಿನ ಮಾತು ಬಂದಾಗ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಯೋಚನೆ ಮಾಡಿ ಹೇಳ್ತೀವಿ," ಅಂತ ಎದ್ದು ಬಂದರು. ಅದೇ ಮಾದರಿಯದು, ಯಾರೋ ಜೋಪಾನವಾಗಿ ಇಟ್ಟುಕೊಂಡ ಹಳೆಯದು ಸಿಕ್ಕರೆ ಸಾಕು ಅಂತ ಬಸ್ಸಿನಲ್ಲಿ ಬರುವಾಗಲೇ ತೀರ್ಮಾನವಾಯಿತು.

ಅಂಥದ್ದು ಸಿಕ್ಕಿಯೂ ಸಿಕ್ಕಿತು. ನಾಲ್ಕು ಬೀದಿ ಆಚೆ, ಬಹಳ ಕಾಲ ಆಸ್ಪತ್ರೆಯಲ್ಲಿ ಔಷಧಿ ಕೊಡುತ್ತಿದ್ದ ಕಂಪೌಂಡರೊಬ್ಬರು ತಮ್ಮ ಕಾರು ಮಾರಬೇಕೆಂದಿದ್ದರು. ಗೊತ್ತಿದ್ದ ಮೆಕ್ಯಾನಿಕ್ಕು ಹೋಗಿ ನೋಡಿ ಬಂದು, "ಇದು ಸಿಗೋದು ಪುಣ್ಯ. ಎರಡು ಮಾತಾಡದೆ ತಗೊಳ್ಳಿ," ಅಂದ. ಸುದ್ದಿ ಕೇಳಿದ ಚೌಕಾಸಿ ಭಾವ ಫೋನಿನಲ್ಲೇ ಕೂಗಿದರು.

"ಎರಡು ಮಾತಾಡದೆ ತಗೊಂಡೇ ಅಲ್ವೇನಯ್ಯಾ ನೀನು ಇಷ್ಟು ದಿನ ಕೆಟ್ಟಿದ್ದು? ಕೇಳು. ಚೆನ್ನಾಗಿದೆ ಅಂತ ಮುಖದಲ್ಲಿ ತೋರಿಸಬೇಡ. ಒಂದು ಸುತ್ತು ಬಾ. ಎಲ್ಲಾದರೂ ಒಂದು ಕಡೆ ನಿಂತು ಉಶ್ ಅನ್ನು. ಏನಾದರೂ ಒಂದು ಕೊರತೆ ಸಿಕ್ಕೇ ಸಿಗುತ್ತೆ. ಸಿಗದಿದ್ದರೆ ಹುಟ್ಟಿಸು. ಈ ಸಲವೂ ಕೇಳಿದಷ್ಟು ಸುರಿದು ಬಂದೆ ಅಂದರೆ ನನ್ನ ಮುಂದೆ ಕೂತು ಊಟ ಮಾಡಬೇಡ, ನೋಡು."

ಮಾರನೆಯ ದಿನ ಹೆಂಡತಿಗೆ ಕೆಲಸಕ್ಕೆ ರಜೆ ಸಿಗಲಿಲ್ಲ. ಫೋಟೋಗ್ರಾಫರ್ ಒಬ್ಬನೇ ಹೋದ.

ಕಂಪೌಂಡರ ಮನೆಯ ಪಕ್ಕದ ಸಂದಿಯಲ್ಲಿ ಕಾರು ಬಟ್ಟೆ ಹೊದ್ದು ನಿಂತಿತ್ತು. ಅವರೇ ಬಂದು ಮೂಲೆ ಮೂಲೆ ತಡವಿ ಹೊದಿಕೆ ತೆಗೆದು, ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟರು. ಬೂದಿ ನೀಲಿ ಬಣ್ಣದ ಸಣ್ಣ ಸೆಡಾನು. ಬೆಳಗಿನ ಬಿಸಿಲಲ್ಲಿ ಈಗಷ್ಟೇ ಸ್ನಾನ ಮಾಡಿ ಬಂದ ಹಾಗಿತ್ತು.

"ನಾನೇ ದಿನಾ ಒರೆಸ್ತೀನಿ. ಒಂದು ಗೀರು ಬೀಳೋದಕ್ಕೆ ಬಿಟ್ಟಿಲ್ಲ, ನೋಡಿ ಬೇಕಾದ್ರೆ," ಅಂದರು ಕಂಪೌಂಡರು. ಆಮೇಲೆ ನಗುತ್ತಾ, "ನೋಡೋದು ನೀವೇ, ನನ್ನ ಕೈಲಾಗಲ್ಲ. ಕಣ್ಣು ಹೋಗ್ತಾ ಇದೆ. ನೀವು ಬಂದಿರೋದು ಕಾಣುತ್ತೆ, ನಿಮ್ಮ ಮುಖ ಕಾಣಲ್ಲ. ಇನ್ನು ಇದನ್ನಿಟ್ಟುಕೊಂಡು ಏನು ಮಾಡಲಿ? ಈಗ ಮಗಳು ಓಡಿಸ್ತಾಳೆ, ಆಸ್ಪತ್ರೆಗೆ ಕರಕೊಂಡು ಹೋಗೋದಕ್ಕೆ. ಅವಳಿಗೂ ಬೇರೆ ಊರಿಗೆ ವರ್ಗ ಆಗಿದೆ, ನಾನೂ ಜೊತೆಗೆ ಹೋಗಬೇಕು. ಅಲ್ಲಿ ಆಫೀಸಿನ ಪಕ್ಕದಲ್ಲೇ ಮನೆ ಕೊಡ್ತಾರಂತೆ, ಕಾರು ಬೇಕಾಗಲ್ಲ," ಅಂದರು.

ಮಗಳು ಕೆಲಸಕ್ಕೆ ಹೋಗಿದ್ದಳು. ಕಂಪೌಂಡರು ತಾವೇ ಒಳಗೆ ಹೋಗಿ, ಲೋಟದ ಬಾಯಿಗೆ ಬೆರಳಿನ ತುದಿ ಇಟ್ಟುಕೊಂಡು, ಒಂದು ಹನಿ ಚೆಲ್ಲದ ಹಾಗೆ ಚಹಾ ಬಗ್ಗಿಸಿ ತಂದುಕೊಟ್ಟರು.

ಫೋಟೋಗ್ರಾಫರ್ ಒಂದು ಸುತ್ತು ಬಂದ. ಎರಡು ಸುತ್ತು ಬಂದ. ಬಾಗಿಲು ತೆಗೆದು ಹಾಕಿದ, ಬಗ್ಗಿ ಚಕ್ರ ನೋಡಿದ, ಸೀಟಿನ ಸಂದಿಗೆ ಬೆರಳು ಹಾಕಿದ. ಎಂಜಿನ್ನು ಒಂದೇ ಸಲಕ್ಕೆ ಎದ್ದಿತು. ದೂರಲು ಒಂದು ಹಿಡಿ ಧೂಳು ಕೂಡ ಸಿಗಲಿಲ್ಲ. ಕಿವಿಯಲ್ಲಿ ಭಾವನ ದನಿ ಕುಟ್ಟುತ್ತಲೇ ಇತ್ತು. ಹಿಂದಿನ ಬಾಗಿಲ ಹತ್ತಿರ ನಿಂತು ಉಶ್ ಅಂದ.

"ಏನಾಯ್ತು?" ಅಂದರು ಕಂಪೌಂಡರು.

"ಇಲ್ಲೊಂದು ಗೀರಿದೆಯಲ್ಲ ಸರ್."

ಹೇಳಿದ್ದು ತಾನೇ ಅನ್ನುವುದು ಅವನಿಗೇ ಒಂದು ಗಳಿಗೆ ಹೊಳೆಯಲಿಲ್ಲ.

"ಗೀರಾ? ಎಲ್ಲಿ?"

"ಈ ಬಾಗಿಲಿಂದ ಡಿಕ್ಕಿಯವರೆಗೂ ಹೋಗಿದೆ. ಉದ್ದಕ್ಕೆ."

ಕಂಪೌಂಡರು ಹತ್ತಿರ ಬಂದು ಮಂಡಿಯೂರಿ ಕೂತರು. ಬಾಗಿಲ ಹಿಡಿಯಿಂದ ಶುರು ಮಾಡಿ ಡಿಕ್ಕಿಯ ಅಂಚಿನವರೆಗೆ ಬೆರಳು ಆಡಿಸಿದರು. ಮತ್ತೆ ಮೊದಲಿನಿಂದ, ಇನ್ನೂ ನಿಧಾನವಾಗಿ.

"ನನ್ನ ಬೆರಳಿಗೆ ಸಿಗ್ತಾ ಇಲ್ಲವಲ್ಲ."

ಅಲ್ಲಿಗೆ ನಿಲ್ಲಿಸಬಹುದಿತ್ತು. "ಓ, ಬಿಸಿಲಿನ ಗೆರೆ," ಅಂದಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ದಿನಾ ಜನರ ಮುಖದ ಕಲೆಗಳನ್ನು ಕಂಪ್ಯೂಟರಿನಲ್ಲಿ ಒರೆಸಿ ಹೊಟ್ಟೆ ಹೊರೆಯುವವನಿಗೆ ಕಲೆಯ ವಿಷಯ ಮಾತಾಡಲು ಬರುತ್ತಿತ್ತು. "ಆಳವಿಲ್ಲ ಸರ್, ಅದಕ್ಕೇ ಕೈಗೆ ಸಿಗಲ್ಲ. ಮೇಲಿನ ಹೊಳಪು ಮಾತ್ರ ಕಿತ್ತಿದೆ. ಆದರೆ ಬೆಳಕು ಬಿದ್ದಾಗ ಎದ್ದು ಕಾಣುತ್ತೆ. ಪೂರಾ ಈ ಭಾಗ ಬಣ್ಣ ಹೊಡೆಸಬೇಕು," ಅಂದ. ನಾಲಿಗೆ ನೀರು ಕುಡಿದಷ್ಟು ಸುಲಭವಾಗಿ ಓಡಿತು.

ಕಂಪೌಂಡರು ಕೂತಲ್ಲೇ ಕೂತಿದ್ದರು. ಅವರ ಮುಖ ಸಣ್ಣದಾಗಿತ್ತು. "ಮಗಳು ಎಲ್ಲೋ ಉಜ್ಜಿಕೊಂಡು ಬಂದಿರಬೇಕು. ನನಗೆ ಹೇಳಲೇ ಇಲ್ಲ ನೋಡಿ," ಅಂದರು. ಎದ್ದು ಮಂಡಿಯ ಮಣ್ಣು ಕೊಡವಿಕೊಂಡರು. "ಕ್ಷಮಿಸಿ, ನಿಮಗೆ ಸುಳ್ಳು ಹೇಳಿದ ಹಾಗಾಯ್ತು. ಗೊತ್ತಿದ್ದು ಹೇಳಿದ್ದಲ್ಲ." ಹಾಗಂದು, ಫೋಟೋಗ್ರಾಫರ್ ಬಾಯಿ ಬಿಟ್ಟು ಕೇಳುವ ಮೊದಲೇ, ಅವನು ಕೇಳಬೇಕೆಂದುಕೊಂಡಿದ್ದಕ್ಕಿಂತ ಹೆಚ್ಚು ಇಳಿಸಿಬಿಟ್ಟರು.

ಆ ಸಂಜೆ ಭಾವ ಮನೆಗೇ ಬಂದು ಬೆನ್ನು ತಟ್ಟಿದರು. "ಅಂತೂ ನಮ್ಮ ಸಾಲಿಗೆ ಬಂದೆ ಕಣಯ್ಯಾ!" ಹೆಂಡತಿಯ ಅಕ್ಕನೂ, "ನೋಡಿದ್ಯಾ, ಪಾಪದವನು ಅಂತಿದ್ವಿ," ಅಂದಳು. ವರ್ಷಗಟ್ಟಲೆ ಯಾವ ಮಾತಿಗಾಗಿ ಅವನು ಕಾದಿದ್ದನೋ ಆ ಮಾತು ಬಂದಿತ್ತು. ಕೇಳಿ ಹಿಗ್ಗುವ ಬದಲು ಅವನು ಎದ್ದು ಹೋಗಿ ಕ್ಯಾಮೆರಾ ಬ್ಯಾಗು ಬಿಚ್ಚಿದ. "ಅಷ್ಟೊಂದು ಹೇಗೆ ಇಳಿಸಿದ್ರಿ?" ಅಂತ ಹೆಂಡತಿ ಕೇಳಿದಾಗ, "ಮಾತಾಡಿದೆ," ಅಂದ. ಅವಳಿಗೆ ಬೆನ್ನು ಹಾಕಿ ಕೂತು ಸುಮ್ಮನೆ ಲೆನ್ಸು ಒರೆಸತೊಡಗಿದ.

ಕಾಗದಪತ್ರ ಮುಗಿದು ಕಾರು ತರುವ ದಿನ ಇಬ್ಬರೂ ಹೋದರು. ಬಾಗಿಲು ತೆಗೆದದ್ದು ಕಂಪೌಂಡರ ಮಗಳು. ಮುಖ ಊದಿಕೊಂಡಿತ್ತು. ತಂದೆ ಒಳಗೆ ಕುರ್ಚಿಯಲ್ಲಿ ಕೂತಿದ್ದರು. ಅವಳು ಬೀಗದ ಕೈಯನ್ನು ಫೋಟೋಗ್ರಾಫರನ ಹೆಂಡತಿಯ ಕೈಗಿಟ್ಟು, ಅವನ ಕಡೆ ತಿರುಗಿದಳು.

"ನಿಮ್ಮನ್ನ ಒಂದು ಕೇಳಬೇಕಿತ್ತು. ಆ ಗೀರು ಎಲ್ಲಿದೆ ಅಂತ ಸ್ವಲ್ಪ ತೋರಿಸ್ತೀರಾ? ನಾನು ಬಿಸಿಲಲ್ಲಿ ನೋಡಿದೆ, ಟಾರ್ಚ್ ಹಾಕಿ ನೋಡಿದೆ, ಕಾಣಲಿಲ್ಲ. ಅಪ್ಪ ನಂಬ್ತಾ ಇಲ್ಲ. ಕಣ್ಣು ಕಾಣದವನಿಗೆ ಏನು ಬೇಕಾದ್ರೂ ಹೇಳಬಹುದು ಅಂದುಕೊಂಡಿದ್ದೀಯ ಅಂತ ನನಗೇ ಅಂದ್ರು. ಅವತ್ತಿಂದ ನನ್ನ ಜೊತೆ ಸರಿಯಾಗಿ ಮಾತಿಲ್ಲ."

ಹೆಂಡತಿ ಅವನ ಮುಖ ನೋಡಿದಳು. "ಯಾವ ಗೀರು?"

ನಾಲ್ವರೂ ಕಾರಿನ ಬಳಿ ಬಂದರು. ಕಂಪೌಂಡರು ಗೋಡೆ ಹಿಡಿದುಕೊಂಡು ಬಂದು ನಿಂತರು. ಫೋಟೋಗ್ರಾಫರ್ ಬಾಗಿಲ ಮುಂದೆ ಬಗ್ಗಿದ. ನುಣುಪಾದ ಬೂದಿ ನೀಲಿ ಬಣ್ಣದಲ್ಲಿ ಕಂಡದ್ದು ಅವನದೇ ಮುಖ. ಮೈಯೆಲ್ಲ ಹಿಡಿಯಷ್ಟಾಯಿತು. ಈಗಲಾದರೂ ಹೇಳಬೇಕು ಅಂತ ಬಾಯಿ ತೆರೆದ. ಬಂದ ಮಾತೇ ಬೇರೆ.

"ಅವತ್ತು... ಬಿಸಿಲಿತ್ತು. ತಂತಿಯ ನೆರಳು ಬಿದ್ದಿತ್ತೋ ಏನೋ. ನಾನೇ ತಪ್ಪು ತಿಳಿದೆ ಅಂತ ಕಾಣುತ್ತೆ."

ಮಗಳು ಅವನನ್ನೇ ನೋಡಿದಳು. ಆದರೆ ಕಂಪೌಂಡರ ಮುಖ ಅರಳಿತು. "ನೆರಳಾ! ಹಾಗೆ ಹೇಳಿ ಮತ್ತೆ. ಸದ್ಯ!" ಅಂತ ಮಗಳ ಭುಜಕ್ಕಾಗಿ ತಡಕಾಡಿ ಕೈಯಿಟ್ಟರು. "ತಪ್ಪಾಯ್ತಮ್ಮ. ಸುಮ್ಮನೆ ನಿನ್ನ ಬೈದೆ." ಇಳಿಸಿದ ದುಡ್ಡಿನ ಮಾತನ್ನು ಅವರು ಎತ್ತಲೇ ಇಲ್ಲ.

ಹೆಂಡತಿ ಕಾರು ತೆಗೆದಳು. ಎರಡು ಬೀದಿ ದಾಟಿದಳು. ಒಂದು ಮರದ ಕೆಳಗೆ ನಿಲ್ಲಿಸಿ ಎಂಜಿನ್ ಆರಿಸಿದಳು.

"ನೆರಳು ಯಾವುದು, ಗೀರು ಯಾವುದು ಅಂತ ನಿಮಗೆ ಗೊತ್ತಾಗಲಿಲ್ವಾ?"

ಅವನು ಕಿಟಕಿಯ ಆಚೆ ನೋಡಿದ.

"ನಿಮಗೆ ಟೋಪಿ ಹಾಕಿದೋರನ್ನ ನಾನು ಬಹಳ ನೋಡಿದ್ದೀನಿ ರೀ. ಒಂದು ದಿನವೂ ನನಗೆ ನಾಚಿಕೆ ಆಗಿರಲಿಲ್ಲ. ಆ ಸ್ಕೂಟರ್ ತಳ್ಳಿಕೊಂಡು ಬಂದಾಗಲೂ ಇಲ್ಲ. ಇವತ್ತು ಆ ಮಗಳ ಮುಖ ನೋಡೋದಕ್ಕೆ ಆಗಲಿಲ್ಲ."

ಅವಳು ಜೋರು ಮಾಡಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು. ಅವಳು ಮೆಲ್ಲಗೆ, ತನಗೇ ಹೇಳಿಕೊಳ್ಳುವ ಹಾಗೆ ಹೇಳಿದ್ದಳು. ಅವನು ಬಾಗಿಲು ತೆಗೆದು ಇಳಿದ. "ನೀನು ಇಲ್ಲೇ ಇರು. ನಾನೊಬ್ಬನೇ ಹೋಗ್ತೀನಿ," ಅಂದ.

ನಡೆದೇ ಹೋದ. ದಾರಿಯಲ್ಲಿ ಮಾತು ಜೋಡಿಸಿಕೊಂಡ. ಷಡ್ಡಕ ಹೇಳಿಕೊಟ್ಟರು, ನಂಟರ ಮುಂದೆ ಅವಮಾನ, ಹೀಗೆ ಏನೇನೋ. ಬಾಗಿಲಲ್ಲಿ ಮಗಳನ್ನು ಕಂಡದ್ದೇ ಅದೆಲ್ಲ ಬಾಯಿಗೆ ತರಲು ಹೇಸಿಗೆಯಾಯಿತು.

"ಗೀರೂ ಇರಲಿಲ್ಲ, ನೆರಳೂ ಇರಲಿಲ್ಲ. ನಿಮ್ಮ ತಂದೆಗೆ ಕಾಣಲ್ಲ ಅಂತ ಗೊತ್ತಿದ್ದೇ ಹೇಳಿದೆ," ಅಂದ.

"ನನಗೆ ಆಗಲೇ ಗೊತ್ತಾಯ್ತು," ಅಂದಳು ಅವಳು. "ನನಗೆ ಹೇಳಿ ಏನು ಪ್ರಯೋಜನ? ಅಪ್ಪನಿಗೆ ಹೇಳಿ."

ಕಂಪೌಂಡರು ಕುರ್ಚಿಯಲ್ಲಿ ಕೂತೇ ಕೇಳಿದರು. ಕುರ್ಚಿಯ ಕೈಯ ಮೇಲೆ ಬೆರಳು ಆಡಿಸಿದರು. ಬೈದಾರು ಅಂತ ಅವನು ತಲೆ ತಗ್ಗಿಸಿ ನಿಂತಿದ್ದ.

"ಕಣ್ಣು ಹೋಗುತ್ತೆ ಅಂತ ಡಾಕ್ಟರು ಹೇಳಿದಾಗ, ಹೋಗಲಿ, ಕೈ ಇದೆಯಲ್ಲ ಅಂದುಕೊಂಡಿದ್ದೆ," ಅಂದರು ಕೊನೆಗೆ. "ನೀವು ಹೋದ ಮೇಲೆ ಬೆರಳನ್ನೂ ನಂಬೋದು ಬಿಟ್ಟೆ. ಚಹಾ ಬಗ್ಗಿಸೋದಕ್ಕೆ ಹೆದರಿಕೆ. ಅಂಗಿ ಗುಂಡಿ ಸರಿ ಹಾಕಿದ್ದೀನಾ ಅಂತ ಮಗಳನ್ನ ಕೇಳೋದು, ಅವಳ ಮೇಲೇ ಸಿಟ್ಟು ಮಾಡೋದು. ಇದೇ ಆಯ್ತು."

"ತಪ್ಪಾಯ್ತು ಸರ್. ಇಳಿಸಿದ ದುಡ್ಡು ಈಗಲೇ..."

"ಕೊಡಿ."

ಬೇಡ ಅಂದಾರು ಎಂಬ ಆಸೆ ತನ್ನೊಳಗೆ ಎಲ್ಲೋ ಇತ್ತು ಅನ್ನುವುದು ಫೋಟೋಗ್ರಾಫರನಿಗೆ ಆಗ ತಿಳಿಯಿತು. ಅದಕ್ಕೂ ನಾಚಿಕೆಯಾಯಿತು. ಮಗಳು ಹೇಳಿದ ನಂಬರಿಗೆ ಮೊಬೈಲಿನಲ್ಲಿ ಕಳಿಸಿದ. ಅವಳು ನೋಡಿ, "ಬಂತಪ್ಪ," ಅಂದಳು. ಯಾರೂ ಕೂತುಕೊಳ್ಳಿ ಅನ್ನಲಿಲ್ಲ.

ಮುಂದಿನ ಸಲ ಭಾವ ನಾಲ್ಕು ಜನರೆದುರು ಕಾರಿನ ಕತೆ ಶುರು ಮಾಡಿದಾಗ ಅವನು ನಡುವೆ ಬಾಯಿ ಹಾಕಿ ನಡೆದದ್ದನ್ನು ನಡೆದ ಹಾಗೇ ಹೇಳಿದ. ಒಂದು ಗಳಿಗೆ ಎಲ್ಲರೂ ತಟ್ಟೆ ನೋಡಿಕೊಂಡರು. "ಅಂದ್ರೆ ಪೂರ್ತಿ ದುಡ್ಡು ಕೊಟ್ಟು ಬಂದೆಯಾ?" ಅಂತ ಭಾವ ನಗಲು ನೋಡಿದರು. ಜೊತೆಗೆ ಯಾರೂ ನಗಲಿಲ್ಲ. "ನೀರು ಕೊಡೇ," ಅಂತ ತಮ್ಮ ಹೆಂಡತಿಗೆ ಹೇಳಿ ಊಟಕ್ಕೆ ಬಗ್ಗಿದರು.

ಕಾರು ಚೆನ್ನಾಗಿಯೇ ಓಡುತ್ತಿತ್ತು. ಹೆಂಡತಿ ಮೊದಮೊದಲು ಅವಶ್ಯಕತೆಗೆ ಎಷ್ಟೋ ಅಷ್ಟು ಮಾತಾಡಿದಳು. ದಿನ ಕಳೆದ ಹಾಗೆ ಸರಿಹೋದಳು. ಆದರೆ ಕಂಪೌಂಡರ ಬೀದಿ ಬಂದರೆ ಅವನೇ, "ಆಚೆ ದಾರಿಯಲ್ಲಿ ಹೋಗೋಣ," ಅನ್ನುತ್ತಿದ್ದ.

ಒಂದು ಮಧ್ಯಾಹ್ನ ಸ್ಟುಡಿಯೋದ ಬಾಗಿಲು ತಳ್ಳಿಕೊಂಡು ಕಂಪೌಂಡರ ಮಗಳು ಬಂದಳು. ತೋಳು ಹಿಡಿದುಕೊಂಡು ಹಿಂದೆ ಕಂಪೌಂಡರು. ಫೋಟೋಗ್ರಾಫರ್ ಕೂತಲ್ಲಿಂದ ಎದ್ದು ನಿಂತ.

"ನಾಳೆ ಊರು ಬಿಡ್ತೀವಿ. ಅಲ್ಲಿನ ಆಸ್ಪತ್ರೆ ಕಾರ್ಡಿಗೆ ಅಪ್ಪಂದು ಫೋಟೋ ಬೇಕು," ಅಂದಳು ಅವಳು. "ಎದುರಿನ ಅಂಗಡಿ ಮುಚ್ಚಿತ್ತು. ಅದಕ್ಕೆ ಬಂದ್ವಿ."

ಸ್ಟೂಲಿನ ಮೇಲೆ ಕೂರಿಸಿ ಲೈಟು ಹಾಕಿದ. ಬೇರೆ ಯಾರಾದರೂ ಆಗಿದ್ದರೆ ಗದ್ದ ಹಿಡಿದು ಮುಖ ತಿರುಗಿಸಿಬಿಡುತ್ತಿದ್ದ. ಇವರನ್ನು ಮುಟ್ಟಲು ಕೈ ಏಳಲಿಲ್ಲ. ದೂರದಿಂದಲೇ, "ಸ್ವಲ್ಪ ಎಡಕ್ಕೆ ಸರ್," ಅಂದ.

ಕಂಪೌಂಡರು ದನಿ ಬಂದ ಕಡೆ ಕಿವಿ ಕೊಟ್ಟರು. ಗುರುತು ಹಿಡಿದರು ಅಂತ ಅವನಿಗೆ ಗೊತ್ತಾಯಿತು.

"ಎಡಕ್ಕೇ ತಾನೆ?" ಅಂದರು.

ಮಗಳು ಮುಖ ಆಚೆ ಮಾಡಿಕೊಂಡಳು. ಅವನ ಕಿವಿಯ ತುದಿಯವರೆಗೆ ಬಿಸಿಯೇರಿತು.

"ಹೌದು ಸರ್. ಎಡಕ್ಕೇ."

ಅವರು ಎಡಕ್ಕೆ ತಿರುಗಿದರು. ಸರಿಯಾಗಿ ಬಂತು. ಫೋಟೋ ಕೈಗೆ ಸಿಕ್ಕ ಮೇಲೆ ಜೇಬಿನಿಂದ ದುಡ್ಡು ತೆಗೆದು, ನೋಟಿನ ಉದ್ದ ಬೆರಳಲ್ಲಿ ಅಳೆದು ನೋಡಿ ಮುಂದೆ ಚಾಚಿದರು. ಬೇಡ ಅನ್ನುವ ಹಕ್ಕು ತನಗಿಲ್ಲ ಅನ್ನಿಸಿ ಅವನು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡ. ಅಪ್ಪ ಮಗಳು ಮೆಟ್ಟಿಲಿಳಿದು ಹೋದರು.