ಕ್ರೆಡಿಟ್ಟಿಗೆ ಕಫೀಲ್ ಇಲ್ಲ

ಗಲ್ಫಿನಲ್ಲಿ ಮಕ್ಕಳನ್ನು ಓದಿಸುವ ನಮ್ಮ ಅಪ್ಪಂದಿರಿಗೆ ಒಂದು ರೋಗವಿದೆ. "ನನಗೆ ಗೊತ್ತಿಲ್ಲ" ಎಂಬ ಮಾತು ಅವರ ಬಾಯಿಂದ ಹೊರಡುವುದಿಲ್ಲ. ಕುವೈತಿನ ಅಬು ಹಲೀಫಾದಲ್ಲಿದ್ದ ಕಮಲಾಕ್ಷನಿಗೂ ಈ ರೋಗವಿತ್ತು, ಒಂದು ತೂಕ ಜಾಸ್ತಿಯೇ ಇತ್ತು. ಅದು ಅವನ ಮಗಳಿಗೆ ಏನು ಮಾಡಿತು ಎಂದು ಹೇಳುತ್ತೇನೆ, ಕೇಳಿ.

ಕಮಲಾಕ್ಷ ಮೂಲ್ಕಿ ಕಡೆಯವನು. ಶುವೈಖ್‌ನ ಒಂದು ಬಿಡಿಭಾಗದ ಗೋಡೌನಿನಲ್ಲಿ ಸ್ಟೋರ್‌ಕೀಪರ್. ಪೆಟ್ಟಿಗೆ ಒಡೆಸಿ, ಒಳಗಿನ ಸಾಮಾನು ಕಣ್ಣಾರೆ ನೋಡದೆ ಸಹಿ ಹಾಕಿದವನಲ್ಲ. ಆದರೆ ಅವನ ಪಾಸ್‌ಪೋರ್ಟ್ ಮಾತ್ರ ಎಲ್ಲರದರಂತೆ ಅವನ ಕೈಯಲ್ಲಿರಲಿಲ್ಲ. ಕೆಲಸಕ್ಕೆ ಕರೆಸಿಕೊಂಡ ಅರಬಿ ಧಣಿ, ಅಂದರೆ ಕಫೀಲ್, ಅದನ್ನು ಆಫೀಸಿನ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. ಊರಿಗೆ ಹೋಗಬೇಕಾದರೆ ಕಫೀಲನನ್ನು ಕೇಳಬೇಕು. ಕೆಲಸ ಬದಲಿಸಬೇಕಾದರೆ ಕಫೀಲ್ ರಿಲೀಸ್, ಅಂದರೆ ಬಿಡುಗಡೆ ಪತ್ರ, ಕೊಡಬೇಕು. ವರ್ಷಗಟ್ಟಲೆ ಹಾಗೆ ಬದುಕಿ, ನಮ್ಮದು ಎನ್ನುವುದೆಲ್ಲ ಯಾರೋ ದೊಡ್ಡವರ ಕಪಾಟಿನಲ್ಲಿರುತ್ತದೆ, ಅವರು ಕೊಟ್ಟರೆ ಮಾತ್ರ ನಮ್ಮದು ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು.

ಹೆಂಡತಿ ರಾಜೀವಿ ಒಂದು ಅಮೆರಿಕನ್ ಸಿಲೆಬಸ್ಸಿನ ಶಾಲೆಯ ಲೈಬ್ರರಿಯಲ್ಲಿ ಕೆಲಸಕ್ಕಿದ್ದಳು. ಆ ಕಾರಣಕ್ಕೆ ಮಗಳು ಅಶ್ಮಿತಾಳಿಗೂ ಅಲ್ಲೇ ಸೀಟು ಸಿಕ್ಕಿತ್ತು. ೧೯೯೦ರ ಜನವರಿಯಲ್ಲಿ ಅವಳು ಹನ್ನೊಂದನೆಯ ತರಗತಿ. ಅದೇ ಶಾಲೆಯಲ್ಲಿ, ಮುಂದೆ ಏನು ಓದಬೇಕೆಂದು ಮಕ್ಕಳಿಗೆ ದಾರಿ ಹೇಳುವ ಶೈಲಾ ಟೀಚರ್ ಧಾರವಾಡದ ಕಡೆಯವಳು, ಇವರ ಕಟ್ಟಡದಲ್ಲೇ ಮನೆ. ಒಂದು ಶುಕ್ರವಾರ ಚಹಾದ ಹೊತ್ತಿಗೆ ಬಂದಳು.

"ಅಣ್ಣಾರ, ಇದಕ್ಕ ಡ್ಯುಯಲ್ ಎನ್‌ರೋಲ್‌ಮೆಂಟ್ ಅಂತಾರ. ಅಶ್ಮಿತಾ ಶಾಲಿ ಓದಕೋತನ ಕಾಲೇಜಿಂದೂ ಒಂದೆರಡು ವಿಷಯ ಓದಬಹುದು. ಅಮೆರಿಕಾದಾಗ ಎರಡು ವರ್ಷದ ಒಂದು ಕಾಲೇಜು ನಮ್ಮ ಶಾಲಿ ಜೋಡಿ ಒಪ್ಪಂದ ಮಾಡ್ಕೊಂಡೈತಿ. ಪಾಸಾದ್ರ ಕ್ರೆಡಿಟ್ ಸಿಗತೈತಿ. ಮುಂದ ಡಿಗ್ರಿಗೆ ಹೋದಾಗ ಆ ವಿಷಯ ಮತ್ತ ಓದೂದು ಬ್ಯಾಡ."

"ಮೊದಲು ಎಸ್ಸೆಸ್ಸೆಲ್ಸಿ, ಮತ್ತೆ ಪಿಯುಸಿ, ಮತ್ತೆ ಡಿಗ್ರಿ. ಅದಲ್ವಾ ಕ್ರಮ?" ಎಂದ ಕಮಲಾಕ್ಷ. "ಶಾಲೆಯೇ ಮುಗಿಯದವಳಿಗೆ ಕಾಲೇಜಿನ ಮಾರ್ಕು ಎಂತದ್ದು ಟೀಚರ್? ಊರಲ್ಲಿ ಹೇಳಿದ್ರೆ ನಗಾಡ್ತಾರೆ."

"ನಗೋರು ನಗಲಿ ಬಿಡ್ರಿ. ನೀವು ಎರಡು ಮಾತು ನೆನಪಿಡ್ರಿ. ಎಲ್ಲಾ ಕಾಲೇಜೂ ಈ ಕ್ರೆಡಿಟ್ ತಗೊಳ್ಳಂಗಿಲ್ಲ, ಮೊದಲ ಕೇಳಬೇಕು. ಇನ್ನ, ನಡುವ ಬಿಡಬೇಕು ಅನಿಸಿದ್ರ ಗಡುವಿನೊಳಗ ಬರದು ಕೊಟ್ಟು ಬಿಡಬೇಕು. ಸುಮ್ಮನ ಹೋಗೂದು ನಿಲ್ಲಿಸಬಾರದು."

ಕಮಲಾಕ್ಷ "ಆಯ್ತಾಯ್ತು" ಎಂದ. ಅವನ ಕಣ್ಣು ಟಿವಿಯ ಕ್ರಿಕೆಟ್ಟಿನ ಮೇಲಿತ್ತು. ಪೆಟ್ಟಿಗೆ ಒಡೆಸದೆ ಸಹಿ ಹಾಕದ ಮನುಷ್ಯ ಅಂದು ಟೀಚರ್ ತಂದಿದ್ದ ಅರ್ಜಿಯ ಒಂದು ಸಾಲನ್ನೂ ಓದದೆ ಸಹಿ ಹಾಕಿದ.

ಮಾರ್ಚಿನ ಹೊತ್ತಿಗೆ ಅಶ್ಮಿತಾ ಇಂಗ್ಲಿಷಿನಲ್ಲಿ 'ಎ' ತೆಗೆದಳು. ನೋಡಬೇಕಿತ್ತು ಕಮಲಾಕ್ಷನ ಜಂಬ. "ಪಿಯುಸಿಗೆ ಮೊದಲೇ ನಮ್ಮವಳು ಕಾಲೇಜು ಪಾಸು" ಎಂದು ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ. ಮುಂದಿನ ಅವಧಿಗೆ ಅವಳು, ಸಂಜೆ ಶಾಲೆಯಲ್ಲೇ ನಡೆಯುತ್ತಿದ್ದ ಕಾಲೇಜಿನ ಗಣಿತಕ್ಕೆ ಸೇರಿದಳು. ಅದರ ನಡುವೆ ಶಾಲೆಯ ಒಂದು ಟೆಸ್ಟಿನಲ್ಲಿ ಮಾರ್ಕು ಇಳಿಯಿತು. ಅಷ್ಟೇ, ಕಮಲಾಕ್ಷನ ಪಿತ್ತ ನೆತ್ತಿಗೇರಿತು.

"ನಾಳೆಯಿಂದ ಆ ಸಂಜೆ ಕ್ಲಾಸಿಗೆ ಹೋಗುದು ಬೇಡ. ಖಲಾಸ್."

"ಶೈಲಕ್ಕ ಊರಿಂದ ಬರಲಿ, ಒಂದು ಮಾತು ಕೇಳುವ," ಎಂದಳು ರಾಜೀವಿ. ತಾಯಿಗೆ ಹುಷಾರಿಲ್ಲವೆಂದು ಶೈಲಾ ಆಗ ರಜೆ ಹಾಕಿ ಧಾರವಾಡಕ್ಕೆ ಹೋಗಿದ್ದಳು.

"ಕೇಳ್ಲಿಕ್ಕೆ ಎಂತ ಉಂಟು? ಗೋಡೌನಿಗೆ ಒಬ್ಬ ಬರದಿದ್ರೆ ಅವನ ಹೆಸರು ತನ್ನಷ್ಟಕ್ಕೆ ಹೋಗ್ತದೆ. ಇದೂ ಹಾಗೇ."

"ಪಪ್ಪ, ಇಟ್ ಡಸಂಟ್ ವರ್ಕ್ ಲೈಕ್ ದಟ್," ಎಂದಳು ಅಶ್ಮಿತಾ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ನನಗೆ ಕಲಿಸ್ಲಿಕ್ಕೆ ಬರಬೇಡ ನೀನು."

ಮಾತು ಅಲ್ಲಿಗೆ ಮುಗಿಯಿತು. ಅಶ್ಮಿತಾ ಕ್ಲಾಸಿಗೆ ಹೋಗಲಿಲ್ಲ. ಯಾರೂ ಏನೂ ಬರೆದು ಕೊಡಲಿಲ್ಲ. ಜೂನಿನಲ್ಲಿ ಅವಳು ಯಾಕೋ ಸಪ್ಪೆಯಾಗಿದ್ದಳು, ಸೆಕೆಗೆ ಇರಬೇಕು ಎಂದುಕೊಂಡ ಕಮಲಾಕ್ಷ.

ಆಮೇಲೆ ಆಗಸ್ಟ್ ಎರಡು ಬಂತು. ಬೆಳಿಗ್ಗೆ ಗುಡುಗಿದ ಸದ್ದಿಗೆ ಎದ್ದು ಬಾಲ್ಕನಿಗೆ ಬಂದರೆ ರಸ್ತೆಯಲ್ಲಿ ಟ್ಯಾಂಕುಗಳು ಸಾಲಾಗಿ ಹೋಗುತ್ತಿದ್ದವು. ಯಾರ ಸೈನ್ಯ, ಎಲ್ಲಿಗೆ ಹೋಗುತ್ತಿದೆ, ಒಂದೂ ತಿಳಿಯಲಿಲ್ಲ. ರಾಜೀವಿ ಕೈಯಲ್ಲಿದ್ದ ದೋಸೆ ಸಟ್ಟುಗವನ್ನು ಹಿಡಿದುಕೊಂಡೇ ನಿಂತಿದ್ದಳು, ಒಳಗೆ ದೋಸೆ ಕರಟಿ ವಾಸನೆ ಬಂದರೂ ಅಲ್ಲಾಡಲಿಲ್ಲ. ರಾತ್ರಿ ಮಲಗುವಾಗ ಇದ್ದ ದೇಶ ಬೆಳಿಗ್ಗೆ ಏಳುವಾಗ ಇಲ್ಲ, ಇರಾಕ್ ಅದನ್ನು ನುಂಗಿದೆ ಎಂದರೆ ಯಾರು ನಂಬುತ್ತಾರೆ?

ರಸ್ತೆ ಸ್ವಲ್ಪ ತಣ್ಣಗಾದ ಮೇಲೆ ಕಮಲಾಕ್ಷ ಶುವೈಖಿಗೆ ಹೋದ. ಗೋಡೌನಿನ ಶಟರು ಬಾಗಿತ್ತು, ಒಳಗೆ ಒಂದು ಬೋಲ್ಟೂ ಉಳಿದಿರಲಿಲ್ಲ. ಕಫೀಲ್ ಬೇಸಿಗೆ ರಜೆಗೆಂದು ಲಂಡನ್‌ನಲ್ಲಿದ್ದ. ಆಫೀಸಿನ ಕಬ್ಬಿಣದ ಕಪಾಟು ಬಾಯಿ ತೆರೆದುಕೊಂಡು ಅಂಗಾತ ಬಿದ್ದಿತ್ತು, ಪಾಸ್‌ಪೋರ್ಟ್ ಇರಲಿಲ್ಲ. ಅವನು ಆ ಕಪಾಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

ಮರುವಾರ ಮೂವರೂ ಶಾಲೆಗೆ ಹೋದರು. ಗೇಟು ಮುರಿದಿತ್ತು. ಸೈನಿಕರು ಮೇಜು, ಕಂಪ್ಯೂಟರುಗಳನ್ನು ಲಾರಿಗೆ ತುಂಬುತ್ತಿದ್ದರು. ಆಫೀಸಿನ ಕಡತಗಳು ಹರಿದು ಅಂಗಳದ ತುಂಬ ಹಾರುತ್ತಿದ್ದವು. ರಾಜೀವಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಈಸ್ ಇಟ್ ಆಲ್ ಗಾನ್, ಪಪ್ಪ? ಎವ್ರಿಥಿಂಗ್?" ಎಂದು ಅಶ್ಮಿತಾ ಕೇಳಿದಳು.

"ಎಲ್ಲ ಹೋಯ್ತು ಮಗಾ."

ಅವಳು ಅಳಲಿಲ್ಲ. ಒಂದು ಉದ್ದ ಉಸಿರು ಬಿಟ್ಟಳು. ಪಾಪ, ಹುಡುಗಿಗೆ ಆಘಾತವಾಗಿದೆ ಎಂದುಕೊಂಡ ಕಮಲಾಕ್ಷ. ಸೆಪ್ಟೆಂಬರಿನಲ್ಲಿ ಎಂಬೆಸಿಯವರ ಚೀಟಿ ಹಿಡಿದು, ಬಸ್ಸಿನಲ್ಲಿ ಇರಾಕ್ ದಾಟಿ ಅಮ್ಮಾನಿಗೆ, ಅಲ್ಲಿಂದ ವಿಮಾನದಲ್ಲಿ ಬೊಂಬಾಯಿಗೆ, ಮತ್ತೆ ಮೂಲ್ಕಿಗೆ ಬಂದು ಬಿದ್ದರು. ಹನ್ನೊಂದನೆಯದು ಓದಿದ್ದಕ್ಕೆ ದಾಖಲೆ ಇಲ್ಲದ ಹುಡುಗಿಯನ್ನು ಅಲ್ಲಿನ ಕಾಲೇಜು ಸೇರಿಸಿಕೊಳ್ಳಲಿಲ್ಲ. ಒಂದು ವರ್ಷ ಹಾಗೇ ಹೋಯಿತು.

ಯುದ್ಧ ಮುಗಿದು, ಕಫೀಲ್ ಮತ್ತೆ ವೀಸಾ ಕಳಿಸಿ, ೧೯೯೧ರ ಆಗಸ್ಟಿನಲ್ಲಿ ಮೂವರೂ ಕುವೈತಿಗೆ ಮರಳಿದರು. ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಹಗಲಿನಲ್ಲೂ ಮಬ್ಬು, ಒಗೆದು ಹಾಕಿದ ಬಟ್ಟೆಯ ಮೇಲೆ ಮಸಿ. ಶಾಲೆ ಬಾಗಿಲು ತೆರೆಯಿತು ಎಂದು ಖುಷಿಪಡುವಷ್ಟರಲ್ಲಿ ಪ್ರಿನ್ಸಿಪಾಲರು ಹೇಳಿಬಿಟ್ಟರು: ಹಳೆಯ ದಾಖಲೆ ಒಂದೂ ಇಲ್ಲ, ಓದಿದ್ದಕ್ಕೆ ಏನಾದರೂ ಆಧಾರ ತಂದರೆ ಹನ್ನೆರಡನೆಯದು, ಇಲ್ಲದಿದ್ದರೆ ಮತ್ತೆ ಹನ್ನೊಂದು.

"ದೆನ್ ಐಯಾಮ್ ಡನ್ ವಿತ್ ಸ್ಕೂಲ್," ಎಂದಳು ಅಶ್ಮಿತಾ. ತನಗಿಂತ ಎರಡು ವರ್ಷ ಸಣ್ಣವರ ಜೊತೆ ಕೂರುವ ಬದಲು ಎಲ್ಲಾದರೂ ಟೈಪಿಂಗ್ ಕೆಲಸಕ್ಕೆ ಹೋಗುತ್ತೇನೆ ಎಂದು ಹಟ ಹಿಡಿದಳು. ರಾಜೀವಿ ಅತ್ತಳು. ಕಮಲಾಕ್ಷನಿಗೆ ಊಟ ಸೇರಲಿಲ್ಲ.

ರಜೆಗೆ ಹೋದವಳು ಯುದ್ಧದಿಂದಾಗಿ ಧಾರವಾಡದಲ್ಲೇ ಉಳಿದಿದ್ದ ಶೈಲಾ ಕೂಡ ಅಷ್ಟರಲ್ಲಿ ಕುವೈತಿಗೆ ಮರಳಿದಳು. ವಿಷಯ ಕೇಳಿ ಅವತ್ತೇ ಬಂದಳು.

"ಶಾಲಿ ದಾಖಲಿ ಹೋದ್ರ ಹೋಗಲಿ ಅಣ್ಣಾರ. ಕಾಲೇಜು ಅಮೆರಿಕಾದಾಗ ಗಟ್ಟಿ ಐತಲ್ಲ. ಅಶ್ಮಿತಾ ಪಾಸಾದ ಇಂಗ್ಲಿಷು ಅಲ್ಲೇ ಐತಿ."

ಕಮಲಾಕ್ಷನ ಕೈಯ ಲೋಟ ಹಾಗೇ ನಿಂತಿತು. "ಅಲ್ಲಿ ಹೇಗೆ ಇರ್ತದೆ? ಶಾಲೆಯವರ ಕಪಾಟಿನಲ್ಲಿ ಅಲ್ವಾ ಇದ್ದದ್ದು?"

"ಶಾಲಿ ಮಾರ್ಕು ಶಾಲ್ಯಾಗ, ಕಾಲೇಜಿನ ಮಾರ್ಕು ಕಾಲೇಜಿನ್ಯಾಗ. ಎರಡೂ ಬ್ಯಾರೆ ಬ್ಯಾರೆ. ಕೇಳಿದ್ರ ಕಳಸ್ತಾರ."

"ಶಾಲೆಯವರು ರಿಲೀಸ್ ಕೊಡಬೇಡ್ವಾ?"

"ಯಾರ ರಿಲೀಸೂ ಬ್ಯಾಡ್ರಿ. ಇದಕ್ಕ ಕಫೀಲ್ ಅನ್ನಾವ ಇಲ್ಲ."

"ಹಾಗಾದ್ರೆ ಅರ್ಜಿ ಕೊಡಿ, ನಾನು ಈಗಲೇ ಸಹಿ ಹಾಕ್ತೇನೆ."

"ನಿಮ್ಮದೂ ಬ್ಯಾಡ. ಆಕೀದ ಬೇಕು. ಕಾಲೇಜಿಗೆ ಸೇರಿದಾಕಿ ಆಕಿ, ನೀವಲ್ಲ."

ಹದಿಮೂರು ವರ್ಷ ಕುವೈತಿನ ಕಾನೂನು ಕಂಡ ಮನುಷ್ಯನಿಗೆ ಇದು ತಲೆಯೊಳಗೇ ಇಳಿಯಲಿಲ್ಲ. ದಂಗಾಗಿ ಮಗಳ ಕಡೆ ತಿರುಗಿದ. ಶೈಲಾ ಮುಂದಿಟ್ಟ ಪೆನ್ನನ್ನು ಅವಳು ದೂರ ತಳ್ಳಿದಳು.

"ಐ ವೋಂಟ್ ಸೈನ್."

"ಯಾಕೆ ಮಗಾ?" ಎಂದಳು ರಾಜೀವಿ.

ಎಂದೂ ಕನ್ನಡದಲ್ಲಿ ಉತ್ತರ ಕೊಡದ ಹುಡುಗಿ, ಕನ್ನಡದಲ್ಲೇ ಹೇಳಿದಳು. "ಗಣಿತದಲ್ಲಿ ಎಫ್ ಬಂದಿದೆ. ಪಪ್ಪ ಹೋಗಬೇಡ ಅಂದ್ರಲ್ಲ, ಅದಕ್ಕೆ. ಬರೆದು ಕೊಡದೆ ಬಿಟ್ಟರೆ ಫೇಲ್ ಅಂತಲೇ ಲೆಕ್ಕ. ಜೂನಿನಲ್ಲಿ ಗಣಿತದ ಸರ್ ಹೇಳಿದ್ರು. ನಾನು ನಿಮಗೆ ಹೇಳಲಿಲ್ಲ. ಈಗ ಮಾರ್ಕು ತರಿಸಿದರೆ ಅದೂ ಬರ್ತದೆ."

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. "ಆವತ್ತು ಶಾಲೆಯಲ್ಲಿ ಪೇಪರೆಲ್ಲ ಹಾರ್ತಾ ಇತ್ತಲ್ಲ ಪಪ್ಪ. ನಿಮ್ಮ ಕೆಲಸ ಹೋಗಿತ್ತು, ಅಮ್ಮ ಅಳ್ತಾ ಇದ್ದಳು. ನನಗೆ ಖುಷಿಯಾಯ್ತು. ಎಫ್ ಹೋಯ್ತು ಅಂತ ಖುಷಿಯಾಯ್ತು."

ಕಮಲಾಕ್ಷ ಟ್ಯಾಂಕು ನೋಡಿದ್ದ, ಖಾಲಿ ಗೋಡೌನು ನೋಡಿದ್ದ, ಬಾಯಿ ತೆರೆದ ಕಪಾಟು ನೋಡಿದ್ದ. ಯಾವುದೂ ಅವನನ್ನು ಹೀಗೆ ಅಲ್ಲಾಡಿಸಿರಲಿಲ್ಲ. ಊರೆಲ್ಲ ಗೋಳಾಡುತ್ತಿದ್ದಾಗ ತನ್ನ ಹುಡುಗಿ ಒಳಗೊಳಗೇ ಖುಷಿಪಟ್ಟಿದ್ದಳು, ಖುಷಿಪಟ್ಟೆನಲ್ಲ ಎಂದು ವರ್ಷವಿಡೀ ಒಬ್ಬಳೇ ನೊಂದಿದ್ದಳು. ಅಂಥ ಸ್ಥಿತಿಗೆ ಅವಳನ್ನು ತಂದಿಟ್ಟದ್ದು ಯಾವ ಸೈನ್ಯವೂ ಅಲ್ಲ. ಅವನು ಶೈಲಾಳ ಕಡೆ ತಿರುಗಿದ.

"ಟೀಚರ್, ಆ ಎಫ್ಫನ್ನು ತೆಗೆಸ್ಲಿಕ್ಕೆ ಆಗ್ತದಾ?"

"ಇಲ್ರೀ. ಯುದ್ಧಕ್ಕೂ ಅಳಿಸಲಿಕ್ಕೆ ಆಗಲಿಲ್ಲ, ನನಗೆಲ್ಲಿ ಆಗತೈತಿ? ಆದ್ರ ಅದ ವಿಷಯ ಮತ್ತ ಓದಿ ಪಾಸ್ ಮಾಡಬಹುದು. ಎಫ್ಫೂ ಕಾಣತೈತಿ, ಪಕ್ಕದಾಗ ಪಾಸಾಗಿದ್ದೂ ಕಾಣತೈತಿ. ಹೊಸ ಮಾರ್ಕು ಹ್ಯಾಂಗ ಲೆಕ್ಕ ಹಿಡೀತಾರ ಅಂತ ನಾವ ಆ ಕಾಲೇಜಿಗೇ ಕೇಳೂಣು. ಸದ್ಯ ಇಂಗ್ಲಿಷಿನ ಎ ಒಂದ ಸಾಕು, ಹನ್ನೊಂದರಾಗ ಓದ್ಯಾಳ ಅನ್ನೂದಕ್ಕ ಪುರಾವೆ."

ಕಮಲಾಕ್ಷ ಮಗಳ ಪಕ್ಕ ಬಂದು ಕೂತ. ಪೆನ್ನನ್ನು ಅವಳ ಕಡೆ ಸರಿಸಲಿಲ್ಲ.

"ನನಗೆ ಗೊತ್ತಿರ್ಲಿಲ್ಲ ಮಗಾ," ಎಂದ. "ಗೊತ್ತುಂಟು ಅಂತ ಹೇಳಿದೆ. ಗೊತ್ತಿರ್ಲಿಲ್ಲ. ಆ ಎಫ್ ನಂದು, ನಿನ್ನ ಹೆಸರಲ್ಲಿ ಬಿತ್ತು. ಸಹಿ ಹಾಕುದು ಬಿಡುದು ನಿನ್ನಿಷ್ಟ. ನೀನು ಎಂತ ಹೇಳಿದ್ರೂ ನಾನು ಅಡ್ಡ ಬರುದಿಲ್ಲ."

ಮದುವೆಯಾದಾಗಿನಿಂದ ರಾಜೀವಿ 'ಗೊತ್ತಿರಲಿಲ್ಲ' ಎಂಬ ಮಾತನ್ನು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅವಳು ಗಂಡನ ಮುಖವನ್ನೇ ನೋಡುತ್ತಾ ನಿಂತಳು. ಅಶ್ಮಿತಾ ಕಣ್ಣೊರೆಸಿಕೊಂಡು ಪೆನ್ನು ತೆಗೆದುಕೊಂಡಳು.

ಅಮೆರಿಕದಿಂದ ಮಾರ್ಕು ಬಂತು. ಪ್ರಿನ್ಸಿಪಾಲರು ಒಂದು ಪರೀಕ್ಷೆ ಕೊಟ್ಟು ಅವಳನ್ನು ಹನ್ನೆರಡಕ್ಕೆ ಸೇರಿಸಿಕೊಂಡರು. ಸಂಜೆಯ ಕಾಲೇಜು ಕ್ಲಾಸು ಮತ್ತೆ ಶುರುವಾದಾಗ ಅವಳು ಅದೇ ಗಣಿತಕ್ಕೆ ಹೆಸರು ಕೊಟ್ಟಳು. ಅದಕ್ಕೂ ಮೊದಲು ಪೋಷಕರ ಸಭೆಯಿತ್ತು. ಎಲ್ಲರೂ ಸಹಿ ಹಾಕಿ ಎದ್ದು ಹೊರಟರು. ಕಮಲಾಕ್ಷ ಮಾತ್ರ ಕೈ ಎತ್ತಿದ.

"ನನಗೆ ಗೊತ್ತಿಲ್ಲ, ಸ್ವಲ್ಪ ಬಿಡಿಸಿ ಹೇಳಿ. ಬಿಡಬೇಕಾದ್ರೆ ಕಡೇ ದಿನ ಯಾವುದು? ಯಾವ ಯಾವ ಕಾಲೇಜು ಈ ಕ್ರೆಡಿಟ್ ತಗೊಳ್ತದೆ? ಮಾರ್ಕು ಬೇಕಾದ್ರೆ ಮಗು ಎಲ್ಲಿಗೆ ಬರೀಬೇಕು?"

ಎದ್ದವರೆಲ್ಲ ಒಬ್ಬೊಬ್ಬರಾಗಿ ಮತ್ತೆ ಕೂತರು. ಅವರಿಗೂ ಗೊತ್ತಿರಲಿಲ್ಲ ನೋಡಿ.

ಡಿಸೆಂಬರಿನಲ್ಲಿ ಅಶ್ಮಿತಾಳಿಗೆ 'ಬಿ' ಬಂತು. ಎಫ್ ಇನ್ನೂ ಇದೆ, ಅದರ ಕೆಳಗೆ ಬಿ ಇದೆ. ಈ ಸಲ ಕಮಲಾಕ್ಷ ಲಿಫ್ಟಿನಲ್ಲಿ ಸಿಕ್ಕಿದವರಿಗೆ ಎರಡನ್ನೂ ಹೇಳಿದ.

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲೂ ಹನ್ನೊಂದು, ಹನ್ನೆರಡು ಓದುವ ಮಗುವಿದ್ದರೆ, ಶಾಲೆಯಲ್ಲಿ ಕಾಲೇಜಿನ ಕ್ರೆಡಿಟ್ಟಿಗೆ ಅವಕಾಶವಿದೆಯೇ ಎಂದು ಕೇಳಿ. ಇದ್ದರೆ ಹೆದರಬೇಡಿ, ಸೇರಿಸಿ. ಆದರೆ ಮುಂದೆ ಓದಬೇಕೆಂದಿರುವ ಕಾಲೇಜು ಅದನ್ನು ಒಪ್ಪುತ್ತದೆಯೇ ಎಂದು ಮೊದಲೇ ವಿಚಾರಿಸಿ. ಮಗುವಿಗೆ ಭಾರವಾದರೆ ಗಡುವಿನೊಳಗೆ ಬರೆದು ಕೊಟ್ಟು ಬಿಡಿಸಿ, ಸುಮ್ಮನೆ ಮನೆಯಲ್ಲಿ ಕೂರಿಸಬೇಡಿ. ಅಲ್ಲಿ ಬೀಳುವ ಮಾರ್ಕು ಒಳ್ಳೆಯದಾದರೂ ಕೆಟ್ಟದಾದರೂ ಶಾಲೆ ಹೋದರೂ ಉಳಿಯುತ್ತದೆ, ಮತ್ತು ಅದು ಮಗುವಿನದು. ಸಹಿ ಹಾಕುವ ಮುಂಚೆ ಒಂದು ಸಲ, ಮಗುವಿನ ಎದುರಿಗೇ, "ನನಗೆ ಗೊತ್ತಿಲ್ಲ, ಹೇಳಿ" ಎಂದುಬಿಡಿ. ಕಮಲಾಕ್ಷ ಆ ಮಾತನ್ನು ೧೯೯೦ರ ಜನವರಿಯಲ್ಲೇ ಹೇಳಿದ್ದರೆ, ಊರು ಹಾಳಾದ ದಿನ ಅವನ ಮಗಳು ಎಲ್ಲರ ಹಾಗೆ ಅಳುತ್ತಿದ್ದಳು.