ತಡಿಕೆಯಾಚೆಯ ಕಲ್ಲು

"ಅಲ್ಲಾಡಬ್ಯಾಡ್ರಿ ಮಂಜವ್ವಾರ. ಗಡ್ಡಿಗೆ ಗುರಿ ಹಿಡದೇನಿ," ಎಂದರು ಡಾಕ್ಟರಮ್ಮ ಸುಮಯ್ಯ.

ಹುಬ್ಬಳ್ಳಿಯ ಆಸ್ಪತ್ರೆಯ ಆ ಮೇಜಿನ ನಡುವೆ ಪುಟ್ಟ ತೊಟ್ಟಿ, ಅದರ ತುಂಬ ನೀರು. ಮಂಜವ್ವ ಬೋರಲು ಮಲಗಿ ಹೊಟ್ಟೆಯನ್ನು ಆ ನೀರಿಗೆ ಒಪ್ಪಿಸಿದ್ದಳು. ನೀರಿನಡಿಯಿಂದ ಕಿವಿಗೆ ಕೇಳದ ಸದ್ದಿನ ಅಲೆಗಳು ಬಂದು, ಗರ್ಭಚೀಲದ ಗಡ್ಡೆಯೊಳಗೆ ಒಂದೇ ಚುಕ್ಕಿಯಲ್ಲಿ ಕೂಡಿ ಅದನ್ನು ಸುಡುತ್ತವೆ, ಮೈಗೆ ಕತ್ತರಿ ತಾಗುವುದಿಲ್ಲ ಎಂದು ಮೊದಲೇ ತಿಳಿಸಿದ್ದರು. ಒಳಗೆ ಯಾರೋ ಕಾದ ಇಟ್ಟಿಗೆ ಒತ್ತಿದಂತಾಯಿತು. ಮಂಜವ್ವ ಹಲ್ಲು ಕಚ್ಚಿ ಶಿವನಾಮ ಹಿಡಿದಳು.

ಯಲವಿಗಿ ಬದಿಯ ತಮ್ಮ ಎಲೆತೋಟದೊಳಗೆ ಅವಳು ಕಾಲಿಡದೆ ವರ್ಷ ಕಳೆದಿತ್ತು. ವೀಳ್ಯದೆಲೆಯ ತೋಟವೆಂದರೆ ಆ ಮನೆಯವರಿಗೆ ಗುಡಿ. ಚಪ್ಪಲಿ ತೋಟದ ಬಾಗಿಲಿನ ತಡಿಕೆಯ ಹೊರಗೆ, ಮುಟ್ಟಾದ ಹೆಣ್ಣೂ ಹೊರಗೆ. ಗಡ್ಡೆ ಬೆಳೆದಂತೆಲ್ಲ ಮುಟ್ಟು ನಿಲ್ಲುವುದನ್ನೇ ಮರೆಯಿತು. ಎತ್ತರಕ್ಕೆ ಹಬ್ಬಿದ ಬಳ್ಳಿಯನ್ನು ಇಳಿಸಿ ಮತ್ತೆ ಮಣ್ಣಿಗೆ ಹೂಳುವುದರಲ್ಲಿ ಅವಳಂಥ ಕೈ ಸುತ್ತಮುತ್ತ ಇರಲಿಲ್ಲ. ಆ ಕೈ ಈಗ ತಡಿಕೆಯಾಚೆಯ ಕಲ್ಲಿನ ಮೇಲೆ ಸುಮ್ಮನೆ ಕೂತಿತ್ತು.

"ಒಳಗ ಬಾ. ಯಾರ ನೋಡಾಕ ಬರ್ತಾರ?" ಎಂದಿದ್ದ ಗಂಡ ಲೋಹಿತ.

"ಬಳ್ಳಿ ನೋಡತೈತಿ," ಎಂದಿದ್ದಳು.

ಮಾವ ಭರಮಪ್ಪ ಗರ್ಭಚೀಲವನ್ನೇ ತೆಗೆಸಿಬಿಡು ಎಂದು ಬೆನ್ನು ಹತ್ತಿದ್ದ. "ಊರಾಗ ಎಲ್ಲಾರೂ ತೆಗಿಸ್ಯಾರ. ನಿಂದೇನು ಬಂಗಾರದ್ದೇನು?"

"ಹೌದ್ರಿ ಮಾವಾರ, ಬಂಗಾರದ್ದ. ಶಿವ ಕೊಟ್ಟಾನ, ಇದ್ದಲ್ಲೇ ಇರಲಿ."

ಆ ಹಟವೇ ಅವಳನ್ನು ಈ ನೀರಿನ ಮೇಜಿಗೆ ತಂದಿತ್ತು.

ಕೆಲಸ ಮುಗಿದ ಮೇಲೆ ಅವಳನ್ನು ಅಂಗಾತ ಮಲಗಿಸಿದರು. "ಈಗ ರಕ್ತ ಹರಿಯೂದು ನೋಡೂಣು," ಎಂದು ಸುಮಯ್ಯ ಕೈಯ ನರಕ್ಕೆ ಔಷಧ ಬಿಟ್ಟರು. ಅದರೊಳಗಿನ ಕಣ್ಣಿಗೆ ಕಾಣದ ಗುಳ್ಳೆಗಳು ರಕ್ತದೊಡನೆ ಹರಿದು ಪರದೆಯ ಮೇಲೆ ಮಿನುಗುತ್ತವೆ. ಬೆಳಿಗ್ಗೆ ಇದೇ ಪರದೆಯಲ್ಲಿ ಗಡ್ಡೆ ಹಣತೆ ಹಚ್ಚಿದ ಅಂಗಳದಂತೆ ಬೆಳಗಿತ್ತು. ಈಗ ಸುತ್ತಲೆಲ್ಲ ಬೆಳಕು ಹರಿದಾಡಿತು. ನಡುವೆ ಮಾತ್ರ ಕಪ್ಪು.

ಮಂಜವ್ವ ಪರದೆಯತ್ತ ಕತ್ತು ಚಾಚಿದಳು. ದೀಪ ಆರಿದರೆ ಕೇಡು ಎಂದೇ ನಂಬಿ ಬೆಳೆದವಳು. "ಆರಿ ಹೋತಲ್ರಿ. ನನ್ನ ಗರ್ಭಚೀಲ ಸುಟ್ಟು ಹೋತೇನ್ರಿ?"

"ಗರ್ಭಚೀಲ ಸುತ್ತಲೂ ಮಿಂಚಾಕತ್ತೈತಿ ನೋಡ್ರಿ. ಆರಿದ್ದು ಗಡ್ಡಿ. ಇನ್ನ ಅದಕ್ಕ ಹನಿ ರಕ್ತ ಹೋಗೂದಿಲ್ಲ." ಸುಮಯ್ಯ ನಕ್ಕರು. "ನಾನೂ ನಿಮ್ಮ ಕಡೀಯಾಕಿನ, ಸವಣೂರಾಕಿ. ಬುಡಕ್ಕ ಕೊಯ್ದ ಬಳ್ಳಿ ಅವತ್ತ ಉದರತೈತೇನು?"

"ಎಲ್ಲಿದ್ರಿ. ಗಿಡಕ್ಕ ಜೋತಬಿದ್ದು ಒಣಕೋಂತ ಹೋಗತೈತಿ."

"ಇದೂ ಹಂಗ. ಸಾವಕಾಶ ಕರಗತೈತಿ."

ಮಂಜವ್ವ ಆ ಕಪ್ಪಿಗೆ ಎರಡೂ ಕೈ ಜೋಡಿಸಿದಳು. ಕತ್ತಲೆಗೆ ಕೈ ಮುಗಿದದ್ದು ಅವಳ ಬಾಳಿನಲ್ಲಿ ಅದೇ ಮೊದಲು. "ಇನ್ನೊಮ್ಮೆ ತೋರಸ್ರಿ, ಡಾಕ್ಟರವ್ವ."

"ತೋರಸ್ತೇನಿ. ಮುಂದಿನ ಸಲ ಬರೂವಾಗ ಎಲಿ ತರಬೇಕು ಮತ್ತ."

"ನನ್ನ ಕೈಲೇ ಕೊಯ್ದದ್ದು ತರ್ತೇನ್ರಿ."

ಬಳ್ಳಿ ಇಳಿಸುವ ಕಾಲ ಬಂದಾಗ ಅವಳ ಮುಟ್ಟು ಹಳೆಯ ಲೆಕ್ಕಕ್ಕೆ ಮರಳಿತ್ತು, ಬರುತ್ತಿತ್ತು, ನಿಲ್ಲುತ್ತಿತ್ತು. ನಿಂತ ಮರುದಿನ ತಲೆಗೆರೆದುಕೊಂಡು, ಹಣೆಗೆ ವಿಭೂತಿ ಹಚ್ಚಿ ತೋಟಕ್ಕೆ ನಡೆದಳು. ಭರಮಪ್ಪ ತಾನೇ ಎದ್ದು ಬಂದು ತಡಿಕೆ ಸರಿಸಿದ.

"ಕೈ ಮರತೈತೋ ಏನೋ?"

"ಬಳ್ಳೀನ ಕೇಳ್ರಿ, ಮಾವಾರ."

ಒಳಗೆ ತಂಪು, ಘಾಟು, ಹಸಿರು. ನುಗ್ಗೆ ಗಿಡಕ್ಕೆ ಹಬ್ಬಿದ್ದ ಬಳ್ಳಿಯ ಕಟ್ಟು ಬಿಚ್ಚಿ, ಗೆಣ್ಣು ಮುರಿಯದಂತೆ ಕೆಳಗಿಳಿಸಿ, ಸುರುಳಿ ಸುತ್ತಿ ಮಣ್ಣಿನಲ್ಲಿ ಮಲಗಿಸಿದಳು. ಲೋಹಿತ ಮಣ್ಣು ಎಳೆಯಲು ಬಗ್ಗಿದ. ಅವಳು ಅವನ ಕೈ ಸರಿಸಿ ತಾನೇ ಎಳೆದು, ಎರಡೂ ಅಂಗೈಯಿಂದ ಒತ್ತಿದಳು. ತುದಿಯ ಚೆಂದದ ಎಲೆಗಳನ್ನು ಚಿವುಟಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮುಂದಿನ ಬಳ್ಳಿಗೆ ಕೈ ಹಾಕಿದಳು.

ತಡಿಕೆಯಾಚೆ ಆ ಕಲ್ಲಿನ ಮೇಲೆ ಅವಳ ಚಪ್ಪಲಿಗಳಷ್ಟೇ ಬಿಸಿಲು ಕಾಯುತ್ತಿದ್ದವು.