ಅಳು ಬರುವವರೆಗೆ

ಗುಂಡ ಮೆಟ್ಟಿಲಿಂದ ಉರುಳಿ ಬಿದ್ದ ದಿನ ಮನೆಯಲ್ಲಿ ದೊಡ್ಡವರು ಇಬ್ಬರಿದ್ದರು. ಕೆಳಗೆ ಅಡುಗೆಮನೆಯಲ್ಲಿ ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಮೇಲಿನ ಕೋಣೆಯಲ್ಲಿ ಸೊಸೆ ಕೆಲಸ ಮಾಡುತ್ತಿದ್ದಳು. ಮಗು ಮೇಲಿದೆ ಎಂದು ಅತ್ತೆ ಅಂದುಕೊಂಡಿದ್ದರು, ಕೆಳಗಿದೆ ಎಂದು ಸೊಸೆ ಅಂದುಕೊಂಡಿದ್ದಳು. ಮಗು ಎರಡೂ ಕಡೆ ಇರಲಿಲ್ಲ.

ಗುಂಡ ಅತ್ತೆಯ ಮಗಳ ಮಗ. ಅವನಮ್ಮ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದಳು. ಬೆಳಗಿನ ಪಾಳಿ ಬಂದಾಗಲೆಲ್ಲ ಮಗುವನ್ನು ತವರಿನಲ್ಲಿ ಬಿಟ್ಟು ಹೋಗುತ್ತಿದ್ದಳು. ಆಗಷ್ಟೇ ಓಡಾಡಲು ಕಲಿತ ಹುಡುಗ. ಒಂದು ಕಡೆ ನಿಲ್ಲುವ ಜಾಯಮಾನವೇ ಅಲ್ಲ.

ಸೊಸೆಯದು ಹಲ್ಲಿನ ಸೆಟ್ ಮಾಡುವ ಕೆಲಸ. ಹಲ್ಲಿನ ಡಾಕ್ಟರುಗಳು ಬೊಚ್ಚುಬಾಯಿಯವರ ಅಚ್ಚು ತೆಗೆದು ಅವಳಿಗೆ ಕಳಿಸುತ್ತಿದ್ದರು. ಅವಳು ಅದಕ್ಕೆ ಪ್ಲಾಸ್ಟರ್ ಹುಯ್ದು, ಒಸಡಿನ ಆಕಾರಕ್ಕೆ ಮೇಣ ಕೂರಿಸಿ, ಒಂದೊಂದೇ ಹಲ್ಲು ನಿಲ್ಲಿಸಿ, ಕೊನೆಗೆ ಮಷಿನ್ನಿಗೆ ಹಿಡಿದು ನುಣುಪು ಮಾಡುತ್ತಿದ್ದಳು. ಗೋಡೆಯ ಹಲಗೆಯ ಮೇಲೆ ಯಾರ್ಯಾರದೋ ದವಡೆಗಳು ಸಾಲಾಗಿ ಕೂತಿರುತ್ತಿದ್ದವು. ಅವಳ ಗಂಡ ಮನೆಗಳಿಗೆ ಬಣ್ಣ ಹಚ್ಚುವ ಪೇಂಟರ್, ಬಾಯಿ ತೆರೆದರೆ ತಮಾಷೆ. "ನಿನ್ನ ಕೋಣೆಗೆ ಕಾಲಿಟ್ರೆ ಸಾಕು, ಊರಿಗೆ ಊರೇ ನನ್ನ ನೋಡಿ ಹಲ್ಲು ಕಿರಿಯುತ್ತೆ ಕಣೇ" ಅನ್ನುತ್ತಿದ್ದ.

ಆ ದಿನ ಅವಳು ಒಂದು ಮೇಲ್ದವಡೆಯ ಸೆಟ್ಟನ್ನು ಮಷಿನ್ನಿಗೆ ಹಿಡಿದಿದ್ದಳು. ಅಂಚು ಸರಿಯಾಯಿತೇ ಎಂದು ಬೆರಳಾಡಿಸಿ ನೋಡಲು ಮಷಿನ್ ನಿಲ್ಲಿಸಿದಳು. ಆ ಗುಂಯ್ ಎನ್ನುವ ಸದ್ದು ಅಡಗುತ್ತಿದ್ದ ಹಾಗೆಯೇ ಬಾಗಿಲಾಚೆ ಧಡ್ ಎಂದಿತು. ಮತ್ತೆ ಧಡ್. ಮತ್ತೆ, ಮತ್ತೆ. ಆಮೇಲೆ ಏನೂ ಇಲ್ಲ.

ಮಗು ಬಿದ್ದರೆ ಅಳುತ್ತದೆ. ಅದು ಅಳಲಿಲ್ಲ. ಅವಳು ಮೆಟ್ಟಿಲಿನ ತುದಿಗೆ ಬಂದು ನಿಂತಾಗಲೂ ಅಳಲಿಲ್ಲ, ಕೆಳಗೆ ಅತ್ತೆ ಒದ್ದೆ ಕೈಯಲ್ಲೇ ಓಡಿಬಂದಾಗಲೂ ಅಳಲಿಲ್ಲ. ಮೇಲೊಬ್ಬಳು, ಕೆಳಗೊಬ್ಬರು, ನಡುವೆ ಖಾಲಿ ಮೆಟ್ಟಿಲು. ಅತ್ತೆಯ ಕಾಲ ಬುಡದಲ್ಲಿ ಮಗು ಮಕಾಡೆ ಬಿದ್ದಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಷ್ಟೋ ಹೊತ್ತಿಗೆ, ಎಲ್ಲೋ ದೂರದ ಮನೆಯಿಂದ ಎಂಬಂತೆ, ಅಳು ಬಂತು.

ಆಸ್ಪತ್ರೆಯಲ್ಲಿ ಕಿವಿಯ ಹಿಂದೆ ಹೊಲಿಗೆ ಹಾಕಿದರು. ಮೂಳೆಯಲ್ಲಿ ಸಣ್ಣ ಬಿರುಕು, ತಾನಾಗಿ ಕೂಡಿಕೊಳ್ಳುತ್ತದೆ ಎಂದರು. ಕೂಡಿಕೊಂಡಿತು. ಆದರೆ ಆ ಕಿವಿ ಮಾತ್ರ ಮತ್ತೆ ಕೇಳಲಿಲ್ಲ. ಆ ದಿನ ಹೊಲಿಗೆ ಹಾಕಿ ಮುಗಿಸಿದ ಡಾಕ್ಟರಮ್ಮ ಕೈ ತೊಳೆಯುತ್ತಾ ಕೇಳಿದರು, "ಮೆಟ್ಟಿಲಿಗೆ ಗೇಟ್ ಇರ್ಲಿಲ್ವಾ?"

"ಯಾರ ಮನೇಲಿ ಇರುತ್ತೆ ಡಾಕ್ಟ್ರೇ?" ಎಂದರು ಅತ್ತೆ. "ನಾನೂ ಮಕ್ಕಳನ್ನ ಅದೇ ಮೆಟ್ಟಿಲ ಮೇಲೇ ಸಾಕಿದೀನಿ. ಮಕ್ಕಳು ಅಂದ್ಮೇಲೆ ಬೀಳ್ತಾವೆ."

"ಹೌದಮ್ಮ, ಬೀಳ್ತಾವೆ. ಬಿದ್ದು ಇಲ್ಲಿಗೆ ಬರ್ತಾವೆ," ಎಂದು ಡಾಕ್ಟರಮ್ಮ ಪಕ್ಕದ ಹಾಸಿಗೆಯ ಕಡೆ ತಿರುಗಿದರು. ಅಲ್ಲಿ ಕೈಗೆ ಕಟ್ಟು ಹಾಕಿಸಿಕೊಂಡ ಇನ್ನೊಂದು ಮಗುವಿತ್ತು.

ನಾದಿನಿ ಕೆಲಸದ ಬಟ್ಟೆಯಲ್ಲೇ ಓಡಿಬಂದಳು. ಕೂಗಾಡಲಿಲ್ಲ. ಮಗುವನ್ನು ಎದೆಗೊತ್ತಿಕೊಂಡು, "ಪರವಾಗಿಲ್ಲ ಅತ್ತಿಗೆ, ನಮ್ಮನೇಲಿದ್ರೂ ಬೀಳ್ತಿದ್ದ" ಎಂದಳು. ನಾಲ್ಕು ಬೈದಿದ್ದರೆ ಚೆನ್ನಾಗಿತ್ತು ಎಂದು ಸೊಸೆಗೆ ಅನ್ನಿಸಿತು.

ಅಲ್ಲಿಂದ ಶುರುವಾಯಿತು. ಹಾಡುಹಗಲು, ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಿದ್ದಿರುವಾಗ, ಅವಳು ಮಷಿನ್ ನಿಲ್ಲಿಸಿದ ಕೂಡಲೇ ಬಾಗಿಲಾಚೆ ಧಡ್ ಎನ್ನುತ್ತಿತ್ತು. ಎದ್ದು ಓಡುವಳು. ಮೆಟ್ಟಿಲು ಖಾಲಿ. ಕೆಳಗೆ ಚಪ್ಪಲಿಗಳು ತಮ್ಮ ಪಾಡಿಗೆ ತಾವು ಬಿದ್ದಿರುತ್ತಿದ್ದವು. ಸದ್ದನ್ನಾದರೂ ತಡೆದುಕೊಳ್ಳಬಹುದಿತ್ತು. ಅದರ ಹಿಂದೆಯೇ ಬರುವ ಆ ಮೌನವನ್ನು ತಡೆಯಲು ಆಗುತ್ತಿರಲಿಲ್ಲ. ನಿಜವಾದ ದಿನ ಅಳು ಬಂದಿತ್ತು. ಇಲ್ಲಿ ಬರುತ್ತಲೇ ಇರಲಿಲ್ಲ. ಬರುತ್ತದೆಂದು ಉಸಿರು ಬಿಗಿಹಿಡಿದು ಕಾಯುತ್ತಾ ನಿಂತುಬಿಡುವಳು. ಕೊನೆಕೊನೆಗೆ ಮಷಿನ್ ನಿಲ್ಲಿಸುವುದನ್ನೇ ಬಿಟ್ಟಳು. ಕೈಯಲ್ಲಿ ಕೆಲಸವಿಲ್ಲದಿದ್ದರೂ ಅದು ಬರಿದೇ ತಿರುಗುತ್ತಿರುತ್ತಿತ್ತು. "ಕರೆಂಟೇನು ನಿಮ್ಮಪ್ಪ ಕಳಿಸ್ತಾನಾ?" ಎಂದು ಗಂಡ ನಗುತ್ತಿದ್ದ. ಅವಳು ನಗುತ್ತಿರಲಿಲ್ಲ.

ಅವಳಿಗೇ ಮಗಳು ಹುಟ್ಟಿದ ಮೇಲೆ ಮೆಟ್ಟಿಲಿಗೆ ಮೇಲೊಂದು, ಕೆಳಗೊಂದು ಗೇಟ್ ಬಂತು. ಎರಡಕ್ಕೂ ಬೀಗ. ಮೆಟ್ಟಿಲಿನ ಅಂಚುಗಳಿಗೆಲ್ಲ ಸ್ಪಂಜು ಸುತ್ತಿ ಟೇಪು ಹಾಕಿದಳು. ಮಗುವನ್ನು ಮೇಲಕ್ಕೆ ಒಯ್ಯಬೇಕಾದರೆ ಸೊಂಟದ ಮೇಲೆ ಕೂರಿಸಿ, ಒಂದು ಕೈಯಲ್ಲಿ ಮೆಟ್ಟಿಲ ಪಕ್ಕದ ಕಟಕಟೆ ಹಿಡಿದು, ಕೆರೆಯ ನೀರಿಗೆ ಇಳಿಯುವವಳಂತೆ ಹೆಜ್ಜೆ ಇಡುವಳು. ಹೆಸರಿಡುವ ಮೊದಲು ಎಲ್ಲರೂ ಕರೆಯುತ್ತಿದ್ದ 'ಪಾಪು' ಎಂಬುದೇ ಹುಡುಗಿಗೆ ಉಳಿದುಕೊಂಡಿತು. ಐದು ತುಂಬಿದರೂ ಅವಳು ಪಾಪುವೇ, ಆಗಲೂ ಸೊಂಟದ ಮೇಲೆಯೇ.

"ಇದು ಮನೆಯೋ ಕೋಳಿಗೂಡೋ?" ಎಂದ ಗಂಡ, ಒಮ್ಮೆ ಬಣ್ಣದ ಡಬ್ಬಿ ಹಿಡಿದು ಗೇಟು ದಾಟಲು ಹೋಗಿ ಮುಗ್ಗರಿಸಿದ ಮೇಲೆ. "ನಾನು ದಿನಾ ಏಣಿ ಮೇಲೆ ನಿಂತು ಹೊಟ್ಟೆ ಹೊರ್ಕೋತೀನಿ. ನೀನು ಹಾಕಿರೋ ಗೇಟಲ್ಲಿ ನನ್ನ ಸೊಂಟ ಮುರೀತಿತ್ತು."

ಅತ್ತೆ ಎಂದಿನ ಹಾಗೆ, "ಅತಿ ಮಾಡ್ತೀಯ ಕಣೇ. ಮಕ್ಕಳು ಬೀಳ್ತಾವೆ, ಏಳ್ತಾವೆ" ಎಂದರು. ಸೊಸೆ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಅತ್ತೆಯ ಆ ಮಾತು ಕೇಳಿದಾಗಲೆಲ್ಲ ಅವಳ ಮೈ ಉರಿಯುತ್ತಿತ್ತು. ಆ ದಿನದ ಬಗ್ಗೆ ಅವರಿಬ್ಬರೂ ಒಮ್ಮೆಯೂ ಮಾತಾಡಿರಲಿಲ್ಲ.

ಇನ್ನೂ ತೆವಳುತ್ತಿದ್ದ ಕಾಲದಲ್ಲಿ ಪಾಪು ಗೇಟಿನ ಹತ್ತಿರ ಹೋದಾಗಲೆಲ್ಲ ಅಮ್ಮ, "ಹೋಗ್ಬೇಡ, ಧಡ್ ಆಗುತ್ತೆ!" ಎಂದು ಕಿರುಚುತ್ತಿದ್ದಳು. ಆ ಮುಖದಲ್ಲಿದ್ದ ಭಯವನ್ನು ಮಗು ಚೆನ್ನಾಗಿಯೇ ನೋಡಿಕೊಂಡಿತ್ತು. ಮಾತು ಬಂದ ಮೇಲೆ ಒಂದು ಮಧ್ಯಾಹ್ನ, ಅಮ್ಮನ ಸೊಂಟದ ಮೇಲೆ ಕೂತು ಕೆಳಗಿಳಿಯುವಾಗ ಅವಳ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿತು: "ಅಮ್ಮಾ, ಧಡ್ ಮಲಗಿದೆಯಾ?"

ಅಮ್ಮನ ಹೆಜ್ಜೆ ಅಲ್ಲೇ ನಿಂತಿತು. "ಯಾರು?"

"ಧಡ್. ಇಲ್ಲೇ ಇರುತ್ತಲ್ಲ. ನೀನು ಬಾಗಿಲು ತೆಗೆದು ನೋಡ್ತೀಯಲ್ಲ, ಅದು."

ಹಾಗೇನೂ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಮಲಗಿದೆ" ಎಂದುಬಿಟ್ಟಳು.

ಹೊಸ ತರಗತಿ ಶುರುವಾದ ವಾರವೇ ಶಾಲೆಯಿಂದ ಫೋನ್ ಬಂತು. ಹಿಂದಿನ ವರ್ಷ ಪಾಪುವಿನ ತರಗತಿ ಕೆಳಗಿತ್ತು, ಈ ವರ್ಷ ಮಹಡಿಯ ಮೇಲೆ. ಅವಳು ಓಡಿಹೋಗಿ ನೋಡಿದರೆ ಮಗಳು ಮೊದಲ ಮೆಟ್ಟಿಲ ಪಕ್ಕದಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ಫ್ರಾಕು ಒದ್ದೆಯಾಗಿತ್ತು. ಬೇರೆ ಮಕ್ಕಳು ಅವಳನ್ನು ಬಳಸಿಕೊಂಡು ದಡಬಡ ಹತ್ತಿ ಇಳಿಯುತ್ತಿದ್ದರು. ಅವರ ಪ್ರತಿ ಹೆಜ್ಜೆಗೂ ಪಾಪು ಕಣ್ಣು ಮುಚ್ಚುತ್ತಿದ್ದಳು.

"ಕಾಲಲ್ಲಿ ಏನಾದ್ರೂ ತೊಂದರೆ ಇದೆಯಾ?" ಎಂದು ಟೀಚರ್ ಮೆಲ್ಲಗೆ ಕೇಳಿದರು.

"ಇಲ್ಲ."

"ನಿನ್ನೆ ಕೈ ಹಿಡ್ಕೊಂಡು ಹತ್ತಿಸ್ತಿದ್ದೆ. ಅರ್ಧದಲ್ಲಿ ಮರದ ಕೊರಡಿನ ಹಾಗೆ ನಿಂತ್ಬಿಟ್ಳು. ಹಿಂದಿನಿಂದ ಮಕ್ಕಳು ನುಗ್ತಿದ್ರು. ಜೋಲಿ ಹೊಡೆದಳು, ಹೇಗೋ ಹಿಡ್ಕೊಂಡೆ. ತಪ್ಪು ತಿಳ್ಕೋಬೇಡಿ. ಇವಳಿಗೆ ಮೆಟ್ಟಿಲು ಹತ್ತೋಕೇ ಬರಲ್ಲ. ಬರದ ಮಕ್ಕಳೇ ಬೀಳೋದು."

ಮನೆಗೆ ಬಂದವಳು ಪಾಪುವಿಗೆ ಬಟ್ಟೆ ಬದಲಾಯಿಸಿ, ಅಡುಗೆಮನೆಯ ಹೊಸಿಲ ಮೇಲೆ ಕುಸಿದು ಕೂತಳು. ನಡೆದದ್ದನ್ನು ಹೇಳಿದಳು. ಅತ್ತೆ ಈಗ 'ನಾನು ಹೇಳ್ಲಿಲ್ವಾ' ಅನ್ನುತ್ತಾರೆ ಎಂದು ಕಾದಳು. ಅತ್ತೆ ಅನ್ನಲಿಲ್ಲ. ಒಲೆಯ ಉರಿ ಸಣ್ಣ ಮಾಡಿ ಅವಳ ಎದುರು ನೆಲದ ಮೇಲೆ ಕೂತರು.

"ನಿನಗೆ ಈಗಲೂ ಕೇಳ್ಸುತ್ತಾ?"

"ಏನತ್ತೆ?" ಎಂದಳು ಸೊಸೆ.

"ಗೊತ್ತಿಲ್ಲದವಳ ಥರ ಆಡ್ಬೇಡ. ನೀನು ಬಾಗಿಲು ತೆಗೆದು ಓಡಿ ಬರ್ತೀಯಲ್ಲ, ಆಗೆಲ್ಲ ನಾನು ಇಲ್ಲಿಂದ ನೋಡಿರ್ತೀನಿ. ಯಾಕಂದ್ರೆ ಆ ಸದ್ದು ಕೇಳಿ ನಾನೂ ಎದ್ದಿರ್ತೀನಿ." ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. "ನಾನು ಮೇಲೆ ಬಂದು ಎಷ್ಟು ವರ್ಷ ಆಯ್ತು ಹೇಳು. ಮಂಡಿ ನೋವು ಅಂತ ನಂಬಿದ್ಯಾ? ಮಾರ್ಕೆಟ್ಟಿಗೆ ನಡೆದು ಹೋಗಿ ಬರೋ ಮಂಡಿ ಕಣೇ ಇದು."

"ಮತ್ತೆ, ಮಕ್ಕಳು ಬೀಳ್ತಾವೆ ಅಂತ ಹೇಳ್ತಾನೇ ಇರ್ತೀರಲ್ಲ?"

"ಹಾಗನ್ನದೆ ಇದ್ರೆ ಈ ಮನೇಲಿ ನಾನು ಹೇಗೆ ಇರ್ಲಿ?"

ಒಲೆಯ ಮೇಲೆ ಪಾತ್ರೆ ಸಣ್ಣಗೆ ಕುದಿಯುತ್ತಿತ್ತು. ಒಬ್ಬರು ಮಾತಿನಿಂದ ಮುಚ್ಚಿದ್ದರು, ಒಬ್ಬಳು ಬೀಗದಿಂದ. ಸದ್ದು ಇಬ್ಬರಿಗೂ ಕೇಳುತ್ತಲೇ ಇತ್ತು, ಒಬ್ಬಳಿಗೆ ಮೇಲಿನಿಂದ, ಒಬ್ಬರಿಗೆ ಕೆಳಗಿನಿಂದ. ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ಅದು ತಣ್ಣಗಿತ್ತು.

ಮುಂದಿನ ರಜೆಯ ದಿನ ನಾದಿನಿಯನ್ನು ಕರೆಸಿದರು. ಗುಂಡ ಜೊತೆಗೇ ಬಂದ, ಉದ್ದಕ್ಕೆ ಬೆಳೆದಿದ್ದ. ಯಾರಾದರೂ ಮಾತಾಡಿದರೆ ಚೆನ್ನಾಗಿ ಕೇಳುವ ಕಿವಿಯನ್ನು ಅತ್ತ ತಿರುಗಿಸುವ ಅಭ್ಯಾಸ ಅವನಿಗೆ. ಬಂದವನೇ ಕೆಳಗಿನ ಗೇಟು ಹಾರಿ, ಮೇಲೆ ಹೋಗಿ, ದಡದಡ ಇಳಿದು ಬಂದ. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಎದ್ದು ನಿಂತರು.

"ಧಡ್ ಎದ್ದುಬಿಡುತ್ತೆ!" ಎಂದಳು ಪಾಪು.

"ಯಾವುದು?" ಅವನು ಸ್ಪಂಜನ್ನು ಎತ್ತಿ ಅದರ ಅಡಿ ನೋಡಿದ. "ಇಲ್ಲಿ ಜಿರಳೆ ಇದೆ ಅಷ್ಟೇ."

ನಾದಿನಿ ಗೇಟಿನ ಬೀಗವನ್ನು ಕೈಯಲ್ಲಿ ತೂಗಿ ನೋಡುತ್ತಾ ನಿಂತಳು. "ಅತ್ತಿಗೆ, ನಾನೂ ಗೇಟು ಹಾಕ್ಸಿದ್ದೆ. ಇವನ ಹೊಲಿಗೆ ಬಿಚ್ಚೋಕೂ ಮುಂಚೆ. ಆದ್ರೆ ಅದರ ಜೊತೇಲೇ ಇಳಿಯೋದನ್ನೂ ಕಲಿಸಿದೆ. ದಿನಾ ನಾನು ಒಂದು ಮೆಟ್ಟಿಲು ಕೆಳಗೆ ನಿಂತು, ಹೊಟ್ಟೆ ಮೇಲೆ ಜಾರಿಸಿ, ಹಿಮ್ಮುಖವಾಗಿ ಇಳಿಸ್ತಿದ್ದೆ. ಅಳ್ತಾ ಇದ್ದ. ನಾನೂ ಅಳ್ತಿದ್ದೆ."

"ಒಂದು ಮಾತೂ ಅನ್ಲಿಲ್ಲ ನೀನು ನಮಗೆ," ಎಂದಳು ಸೊಸೆ. "ಪರವಾಗಿಲ್ಲ ಅಂದೆ."

"ಕೋಪ ಇರ್ಲಿಲ್ಲ ಅಂದ್ಕೊಂಡ್ರಾ?" ನಾದಿನಿಯ ದನಿ ಏರಲಿಲ್ಲ. "ಇತ್ತು. ನಿಮ್ಮಿಬ್ಬರ ಮುಖ ನೋಡಿದ್ರೆ ಮೈಯೆಲ್ಲ ಉರೀತಿತ್ತು. ಮನೇಲಿ ಇಬ್ಬರಿದ್ದೂ ನನ್ನ ಮಗು ಒಂಟಿಯಾಗಿತ್ತಲ್ಲ ಅಂತ. ಹೇಳಿದ್ರೆ ತವರು ಹೋಗುತ್ತೆ ಅಂತ ಸುಮ್ಮನಿದ್ದೆ. ಈಗ ಇಲ್ಲ. ಆದ್ರೆ ಇತ್ತು."

ಅತ್ತೆ ತಲೆ ತಗ್ಗಿಸಿದರು. ಇಷ್ಟು ವರ್ಷ ಯಾರೋ ಕೊಡಬೇಕಾಗಿದ್ದ ಏಟು ಈಗ ಬಿದ್ದಂತಾಯಿತು ಸೊಸೆಗೆ. ನೋವಾಯಿತು. ಆದರೂ ಬಿಗಿಹಿಡಿದ ಉಸಿರಿನಲ್ಲಿ ಸ್ವಲ್ಪ ಹೊರಗೆ ಬಂತು. ಅವಳು ಸೆರಗಿನ ಗಂಟು ಬಿಚ್ಚಿದಳು.

ಮೇಲಿನ ಗೇಟನ್ನು ಹಾಗೇ ಉಳಿಸಿ, ಕೆಳಗಿನದನ್ನು ತೆರೆದರು. ಅವಳು ಒಂದು ಮೆಟ್ಟಿಲು ಕೆಳಗೆ ಬಗ್ಗಿ ನಿಂತಳು, ಪಾಪು ಅದರ ಮೇಲಿನ ಮೆಟ್ಟಿಲಲ್ಲಿ ಕೂತಳು.

"ಧಡ್ ಮಲಗಿದೆಯಾ?"

ಈ ಸಲ ಅವಳು ಸುಳ್ಳು ಹೇಳಲಿಲ್ಲ. "ಧಡ್ ಅಂತ ಯಾರೂ ಇಲ್ಲ ಪುಟ್ಟಾ. ಅದು ಬರೀ ಸದ್ದು. ತುಂಬ ಹಿಂದೆ ಅಮ್ಮ ಕೇಳಿದ್ದು."

"ಈಗ ಎಲ್ಲಿದೆ?"

"ಅಮ್ಮನ ಕಿವೀಲಿ."

ಪಾಪು ಯೋಚಿಸಿದಳು. ಆಮೇಲೆ ಎರಡೂ ಅಂಗೈಯಿಂದ ಅಮ್ಮನ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿ ಹಿಡಿದು, ಕೂತಲ್ಲಿಂದಲೇ ಕುಂಡೆ ಸರಿಸಿ ಒಂದು ಮೆಟ್ಟಿಲು ಇಳಿದಳು.

ದಿನವೂ ಸ್ವಲ್ಪ ಸ್ವಲ್ಪ ನಡೆಯಿತು. ಗಂಡ ಮಗಳ ಎತ್ತರಕ್ಕೆ ಇನ್ನೊಂದು ಕಟಕಟೆ ಹಾಕಿ, ಉಳಿದಿದ್ದ ಹಳದಿ ಬಣ್ಣ ಹಚ್ಚಿದ. ತಮಾಷೆ ಮಾಡಲಿಲ್ಲ, ಹೆಂಡತಿ ಇಷ್ಟು ವರ್ಷ ಏನು ಕೇಳುತ್ತಿದ್ದಳೆಂದು ಅತ್ತೆ ಅವನಿಗೆ ಹೇಳಿದ್ದರು. ಒಂದು ಸಂಜೆ ಅತ್ತೆಯೂ ಮೊಮ್ಮಗಳ ಹಿಂದೆ ಗೋಡೆ ಹಿಡಿದು ಅರ್ಧದವರೆಗೆ ಹತ್ತಿದರು. ಅಲ್ಲಿ ನಿಂತು, ಮುಖ ಬಿಳುಪೇರಿ, ಹಾಗೇ ಇಳಿದರು. "ನನಗೆ ಇನ್ನೊಂದು ಸ್ವಲ್ಪ ದಿನ ಬೇಕು" ಎಂದರು. ಆಮೇಲೂ ಅವರು ಪೂರ್ತಿ ಮೇಲೆ ಬಂದದ್ದಿಲ್ಲ.

ಸದ್ದೂ ಪೂರ್ತಿ ಹೋಗಲಿಲ್ಲ. ವಾರಗಟ್ಟಲೆ ಸುಮ್ಮನಿದ್ದು, ಯಾವುದೋ ಬೆಳಗ್ಗೆ ಮಷಿನ್ ನಿಂತಾಗ ಬರುತ್ತದೆ. ಅವಳು ಓಡುವುದಿಲ್ಲ. "ಅತ್ತೇ..." ಎಂದು ಕೂಗುತ್ತಾಳೆ. "ಇದೀನಿ ಕಣೇ" ಎಂದು ಕೆಳಗಿನಿಂದ ಉತ್ತರ ಬರುತ್ತದೆ. ಕೆಲವು ಸಲ ಅತ್ತೆಯೇ ಮೊದಲು ಕೂಗುತ್ತಾರೆ.

ಪರೀಕ್ಷೆಗಳು ಮುಗಿದ ದಿನ ಅವಳು ಶಾಲೆಗೆ ಹೋದಳು. ಗಂಟೆ ಹೊಡೆಯಿತು. ಮಹಡಿಯಿಂದ ಮಕ್ಕಳು ಹಿಂಡುಹಿಂಡಾಗಿ ಇಳಿಯತೊಡಗಿದರು. ಅವಳು ಮೆಟ್ಟಿಲ ಬುಡದಲ್ಲಿ, ತನಗೇ ತಿಳಿಯದೆ, ಎರಡೂ ಕೈ ಚಾಚಿ ನಿಂತಿದ್ದಳು. ಗುಂಪಿನ ನಡುವೆ ಪಾಪು ಕಂಡಳು. ಒಂದು ಕೈ ಕಟಕಟೆಯ ಮೇಲೆ, ಇನ್ನೊಂದು ಕೈ ಗೆಳತಿಯ ಚೀಲದ ಪಟ್ಟಿಯ ಮೇಲೆ, ಬಾಯಿ ತುಂಬ ಮಾತು. ಅಮ್ಮನ ಕಡೆ ಅವಳ ಗಮನವೇ ಇರಲಿಲ್ಲ. ಕೊನೆಯ ಮೆಟ್ಟಿಲಿಗೆ ಬಂದಾಗ ತಲೆ ಎತ್ತಿದಳು.

"ಜಾಗ ಬಿಡಮ್ಮಾ," ಎಂದಳು, "ಹಿಂದೆ ಎಲ್ಲಾರೂ ಬರ್ತಿದಾರೆ."

ಅವಳು ಕೈ ಇಳಿಸಿ ಪಕ್ಕಕ್ಕೆ ಸರಿದು ನಿಂತಳು.